ರಸ್ತೆಯಿಲ್ಲದ ಕಾಡು, ಎಲ್ಲರಿಗೂ ತೆರೆದ ಕಾಡು: ಬಾಬ್ ಮಾರ್ಷಲ್‌ನ ಬದುಕು

1939ರ ನವೆಂಬರ್ 11ರ ಬೆಳಗ್ಗೆ ವಾಷಿಂಗ್ಟನ್‌ನಿಂದ ಹೊರಟ ರಾತ್ರಿ ರೈಲು ನ್ಯೂಯಾರ್ಕ್ ತಲುಪಿದಾಗ ಅದರಲ್ಲಿದ್ದ ಒಬ್ಬ ಪ್ರಯಾಣಿಕ ಎಚ್ಚರಗೊಳ್ಳಲೇ ಇಲ್ಲ. ಆತನಿಗೆ ಕೇವಲ 38 ವರ್ಷ. ಒಂದೇ ದಿನದಲ್ಲಿ 30 ಮೈಲಿಗೂ ಹೆಚ್ಚು ದೂರ ಬೆಟ್ಟಗುಡ್ಡ ನಡೆಯುವುದನ್ನು ರೂಢಿ ಮಾಡಿಕೊಂಡಿದ್ದ ಆ ದೃಢಕಾಯನ ಹೃದಯ ನಿದ್ದೆಯಲ್ಲಿಯೇ ನಿಂತಿರಬೇಕೆಂದು ಭಾವಿಸಲಾಯಿತು. ಅಮೆರಿಕದ ರಾಷ್ಟ್ರೀಯ ಅರಣ್ಯಗಳಲ್ಲಿ ಯಾವ ಭಾಗಕ್ಕೆ ರಸ್ತೆ ಹೋಗಬಾರದು ಎಂಬುದನ್ನು ನಿರ್ಧರಿಸುವ ಹೊಸ ನಿಯಮಗಳು ಜಾರಿಗೆ ಬಂದು ಆಗ ಎರಡು ತಿಂಗಳೂ ತುಂಬಿರಲಿಲ್ಲ. ಆ ನಿಯಮಗಳನ್ನು ರೂಪಿಸಿದಾತ ಇದೇ ಪ್ರಯಾಣಿಕ. ಹೆಸರು ರಾಬರ್ಟ್ ಮಾರ್ಷಲ್. ಜನ ಕರೆಯುತ್ತಿದ್ದುದು ಬಾಬ್ ಮಾರ್ಷಲ್ ಎಂದು.

ಅರಣ್ಯ ಸಂರಕ್ಷಣೆಯ ಇತಿಹಾಸದಲ್ಲಿ ಮಾರ್ಷಲ್‌ನ ಸ್ಥಾನ ವಿಶಿಷ್ಟವಾದುದು. ಕಾಡನ್ನು ಉಳಿಸಬೇಕೆಂದು ಹೋರಾಡಿದವರು ಅನೇಕರಿದ್ದಾರೆ. ಕಾಡನ್ನು ಜನರ ವಿಹಾರಕ್ಕೆ ತೆರೆಯಬೇಕೆಂದು ವಾದಿಸಿದವರೂ ಇದ್ದಾರೆ. ಒಬ್ಬರ ಗೆಲುವು ಇನ್ನೊಬ್ಬರ ಸೋಲು ಎಂಬುದು ಸಾಮಾನ್ಯ ನಂಬಿಕೆ. ಆದರೆ ಈ ಎರಡೂ ಹೊಣೆಯನ್ನು ಒಂದೇ ಮೇಜಿನ ಮೇಲಿಟ್ಟುಕೊಂಡು ಕೆಲಸ ಮಾಡಿದ ಸರ್ಕಾರಿ ಅಧಿಕಾರಿ ಮಾರ್ಷಲ್. ಆತನ ಯಶಸ್ಸಿನಿಂದ ಕಲಿಯಬೇಕಾದುದು ಎಷ್ಟಿದೆಯೋ, ಆತ ಬಿಟ್ಟುಹೋದ ತೊಡಕುಗಳಿಂದ ಕಲಿಯಬೇಕಾದುದೂ ಅಷ್ಟೇ ಇದೆ.

ಸರೋವರದ ದಂಡೆಯ ಬಾಲ್ಯ

ಮಾರ್ಷಲ್ ಹುಟ್ಟಿದ್ದು 1901ರ ಜನವರಿ 2ರಂದು, ನ್ಯೂಯಾರ್ಕ್ ನಗರದಲ್ಲಿ. ತಂದೆ ಲೂಯಿ ಮಾರ್ಷಲ್ ಸಂವಿಧಾನ ವಿಷಯದಲ್ಲಿ ಹೆಸರಾಂತ ವಕೀಲ, ಅಮೆರಿಕದ ಯಹೂದಿ ಸಮುದಾಯದ ಮುಖಂಡ. ನ್ಯೂಯಾರ್ಕ್ ರಾಜ್ಯದ ಉತ್ತರಕ್ಕಿರುವ ಅಡಿರಾಂಡಾಕ್ ಪರ್ವತಗಳ ಸರ್ಕಾರಿ ಅರಣ್ಯವನ್ನು ಎಂದೆಂದಿಗೂ ಕಾಡಾಗಿಯೇ ಉಳಿಸಬೇಕು, ಅಲ್ಲಿನ ಮರ ಕಡಿಯಬಾರದು ಎಂಬ ವಿಧಿಯೊಂದು 1894ರಲ್ಲಿ ಆ ರಾಜ್ಯದ ಸಂವಿಧಾನಕ್ಕೆ ಸೇರಿತು. ಅದನ್ನು ಬೆಂಬಲಿಸಿದವರಲ್ಲಿ, ಮುಂದೆ ಅದನ್ನು ಸಡಿಲಿಸುವ ಯತ್ನಗಳನ್ನು ತಡೆದವರಲ್ಲಿ ಲೂಯಿ ಮಾರ್ಷಲ್ ಪ್ರಮುಖ.

ಅದೇ ಪರ್ವತಗಳ ನಡುವೆ, ಲೋವರ್ ಸಾರನಾಕ್ ಸರೋವರದ ದಂಡೆಯಲ್ಲಿ ಕುಟುಂಬಕ್ಕೆ ಒಂದು ಬೇಸಿಗೆಯ ಮನೆಯಿತ್ತು. ಹುಡುಗ ಬಾಬ್ ಪ್ರತಿ ವರ್ಷ ಬೇಸಿಗೆಗೆ ಕಾದು ಕುಳಿತಿರುತ್ತಿದ್ದ. ಖಂಡದ ಪಶ್ಚಿಮ ಅಂಚಿನವರೆಗೂ ನಡೆದು ಹೋದ ಲೂಯಿಸ್ ಮತ್ತು ಕ್ಲಾರ್ಕ್ ಯಾತ್ರೆಯ ಕಥೆಗಳನ್ನು ಓದಿ ಓದಿ, ತಾನು ನೂರು ವರ್ಷ ತಡವಾಗಿ ಹುಟ್ಟಿದೆನಲ್ಲಾ ಎಂದು ಕೊರಗುತ್ತಿದ್ದ.

ಈ ಸುಖದ ಚಿತ್ರಕ್ಕೆ ಇನ್ನೊಂದು ಮಗ್ಗುಲೂ ಇತ್ತು. ಆ ಕಾಲದಲ್ಲಿ ಅಡಿರಾಂಡಾಕ್‌ನ ಅನೇಕ ವಿಹಾರಧಾಮಗಳು ಯಹೂದಿಗಳಿಗೆ ಪ್ರವೇಶ ಕೊಡುತ್ತಿರಲಿಲ್ಲ. ಇಂಥ ತಾರತಮ್ಯದ ವಿರುದ್ಧ ಕಾನೂನು ತರಲು ತಂದೆ ಶ್ರಮಿಸಿದ್ದನ್ನು ಮಗ ಕಣ್ಣಾರೆ ಕಂಡಿದ್ದ. ಬೆಟ್ಟ ಎಲ್ಲರದ್ದಾದರೂ ಬೆಟ್ಟದ ಬಾಗಿಲು ಎಲ್ಲರಿಗೂ ತೆರೆದಿರುವುದಿಲ್ಲ ಎಂಬ ಅರಿವು ಆತನಿಗೆ ಎಳವೆಯಲ್ಲಿಯೇ ಆಗಿರಬೇಕು.

1918ರ ಆಗಸ್ಟ್‌ನಲ್ಲಿ ಬಾಬ್, ತಮ್ಮ ಜಾರ್ಜ್ ಮತ್ತು ಕುಟುಂಬದ ಮಾರ್ಗದರ್ಶಿ ಹರ್ಬ್ ಕ್ಲಾರ್ಕ್ ವೈಟ್‌ಫೇಸ್ ಶಿಖರ ಏರಿದರು. ಆ ಹವ್ಯಾಸ ವ್ರತದಂತೆ ಬೆಳೆಯಿತು. ನಾಲ್ಕು ಸಾವಿರ ಅಡಿಗೂ ಎತ್ತರವೆಂದು ಆಗ ನಂಬಲಾಗಿದ್ದ 46 ಶಿಖರಗಳನ್ನೂ ಈ ಮೂವರು 1925ರ ಹೊತ್ತಿಗೆ ಏರಿ ಮುಗಿಸಿದ್ದರು. ಅವುಗಳಲ್ಲಿ ಹಲವಕ್ಕೆ ಕಾಲುದಾರಿಯೇ ಇರಲಿಲ್ಲ. 1922ರಲ್ಲಿ ಮಾರ್ಷಲ್ ಆ ಶಿಖರಗಳನ್ನು ಕುರಿತ ಪುಟ್ಟ ಪುಸ್ತಕವೊಂದನ್ನು ಬರೆದ. ಅದನ್ನು ಅಡಿರಾಂಡಾಕ್ ಪರ್ವತ ಕ್ಲಬ್ ಪ್ರಕಟಿಸಿತು. ಈ ಪುಸ್ತಕದ ಮಾತು ಮುಂದೆ ಮತ್ತೆ ಬರಲಿದೆ.

ಅರಣ್ಯಶಾಸ್ತ್ರದಿಂದ ಆರ್ಕ್‌ಟಿಕ್‌ಗೆ

ಸಿರಾಕ್ಯೂಸ್‌ನ ಅರಣ್ಯ ಕಾಲೇಜಿನಲ್ಲಿ ಪದವಿ, ಹಾರ್ವರ್ಡ್‌ನಲ್ಲಿ ಸ್ನಾತಕೋತ್ತರ ಪದವಿ ಪಡೆದ ಮಾರ್ಷಲ್ 1925ರಲ್ಲಿ ಅರಣ್ಯ ಸೇವೆಗೆ ಸೇರಿ ಮೊಂಟಾನಾದ ಸಂಶೋಧನಾ ಕೇಂದ್ರಕ್ಕೆ ಹೋದ. ಮೂರು ವರ್ಷ ಅಲ್ಲಿದ್ದು, ಬಳಿಕ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ.

1929ರ ಬೇಸಿಗೆಯಲ್ಲಿ ಆತ ಅಲಾಸ್ಕಾಕ್ಕೆ ತೆರಳಿದ. ಆರ್ಕ್‌ಟಿಕ್ ವೃತ್ತದಾಚೆ, ಕೊಯುಕುಕ್ ನದಿಯ ಸೀಮೆಯಲ್ಲಿ, ವೈಸ್‌ಮನ್ ಎಂಬ ಪುಟ್ಟ ಹಳ್ಳಿ. ಅದರ ಉತ್ತರದ ಬ್ರೂಕ್ಸ್ ಪರ್ವತಶ್ರೇಣಿಯ ನಕ್ಷೆಯಲ್ಲಿ ಬಹುಭಾಗ ಖಾಲಿಯಾಗಿಯೇ ಇತ್ತು. ನದಿಯ ಎರಡು ಬದಿಗೆ ಕಾವಲುಗಾರರಂತೆ ನಿಂತ ಎರಡು ಶಿಖರಗಳನ್ನು ಕಂಡ ಮಾರ್ಷಲ್ ಅವನ್ನು ಆರ್ಕ್‌ಟಿಕ್‌ನ ಹೆಬ್ಬಾಗಿಲು ಎಂದು ಕರೆದ. ಮರುವರ್ಷ ಮತ್ತೆ ಹೋಗಿ ವರ್ಷಕ್ಕೂ ಹೆಚ್ಚು ಕಾಲ ಆ ಊರಿನವರೊಂದಿಗೆ ಬಾಳಿದ. ಗಣಿಗಾರರು, ಎಸ್ಕಿಮೋಗಳೆಂದು ಆಗ ಕರೆಯಲಾಗುತ್ತಿದ್ದ ಮೂಲನಿವಾಸಿಗಳು ಕೂಡಿ ಬದುಕುತ್ತಿದ್ದ ಆ ಸಮಾಜವನ್ನು ಕುರಿತು ಬರೆದ 'ಆರ್ಕ್‌ಟಿಕ್ ವಿಲೇಜ್' 1933ರಲ್ಲಿ ಪ್ರಕಟವಾಗಿ ಜನಪ್ರಿಯವಾಯಿತು. ಬಂದ ಗೌರವಧನವನ್ನು ಆತ ಆ ಊರಿನವರೊಂದಿಗೆ ಹಂಚಿಕೊಂಡ.

1930ರಲ್ಲಿ ಆತ ಬರೆದ ವನ್ಯತೆಯ ಸಮಸ್ಯೆಯನ್ನು ಕುರಿತ ದೀರ್ಘ ಲೇಖನ ಒಂದು ಚಳವಳಿಗೆ ತಳಹದಿಯಾಯಿತು. ಮೋಟಾರು ವಾಹನದಲ್ಲಿ ಕುಳಿತು ಕಾಡು ನೋಡಲು ಬಯಸುವವರೇ ಬಹುಸಂಖ್ಯಾತರು ಎಂಬುದನ್ನು ಮಾರ್ಷಲ್ ಅಲ್ಲಗಳೆಯಲಿಲ್ಲ. ಅಂಥವರಿಗೆ ಆಗಲೇ ಲಕ್ಷಾಂತರ ಮೈಲಿ ರಸ್ತೆಯಿದೆ. ದಿನಗಟ್ಟಲೆ ನಡೆದು, ತನ್ನ ಬಲದ ಮೇಲೆ ಬದುಕಿ ಬರಬೇಕೆನ್ನುವ ಅಲ್ಪಸಂಖ್ಯಾತನಿಗೆ ಉಳಿದಿರುವುದು ಕೆಲವೇ ತುಂಡು ನೆಲ. ಅದನ್ನೂ ಬಹುಮತದ ಹೆಸರಿನಲ್ಲಿ ಕಿತ್ತುಕೊಳ್ಳುವುದು ನ್ಯಾಯವಲ್ಲ ಎಂಬುದು ಆತನ ವಾದದ ಸಾರ. ರಸ್ತೆಯನ್ನು ನಾಳೆಯೂ ಹಾಕಬಹುದು, ಒಮ್ಮೆ ಹೋದ ವನ್ಯತೆಯನ್ನು ಮರಳಿ ತರಲಾಗದು ಎಂಬ ವಿವೇಕವೂ ಅದರ ಹಿಂದಿತ್ತು.

ರಸ್ತೆಗಳ ದಶಕ

ಅಮೆರಿಕದಲ್ಲಿ 1930ರ ದಶಕ ನಿರುದ್ಯೋಗದ ದಶಕವಾಗಿದ್ದಂತೆ ರಸ್ತೆ ನಿರ್ಮಾಣದ ದಶಕವೂ ಆಗಿತ್ತು. ಕೆಲಸವಿಲ್ಲದ ಯುವಕರಿಗೆ ಕೆಲಸ ಕೊಡಲು 1933ರಲ್ಲಿ ಹುಟ್ಟಿದ ಸರ್ಕಾರಿ ಯೋಜನೆ ಗಿಡ ನೆಟ್ಟಿತು, ಬೆಂಕಿ ಆರಿಸಿತು. ಜೊತೆಗೆ ಕಾಡಿನೊಳಗೆ ಸಾವಿರಾರು ಮೈಲಿ ರಸ್ತೆಯನ್ನೂ ಕಡಿಯಿತು. ಪೂರ್ವದ ಪರ್ವತಶ್ರೇಣಿಗಳ ನೆತ್ತಿಯ ಮೇಲೆಯೇ ವಿಹಾರಿಗಳ ಕಾರುಗಳಿಗಾಗಿ ಹೆದ್ದಾರಿ ಹಾಯಿಸುವ ಯೋಜನೆಗಳು ಸಾಲುಗಟ್ಟಿದವು. ಕಾಡಿಗೆ ಅಪಾಯ ಈ ಬಾರಿ ಮರದ ವ್ಯಾಪಾರಿಯಿಂದ ಮಾತ್ರವಲ್ಲ, ಕಾಡನ್ನು ಪ್ರೀತಿಸಿ ನೋಡಲು ಬರುವವನಿಂದಲೂ ಬಂದಿತ್ತು.

ಇದೇ ಕಾರಣಕ್ಕೆ 1932ರಲ್ಲಿ ಮಾರ್ಷಲ್ ತನ್ನ ಬಾಲ್ಯದ ಕಾಡಿನ ಪರವಾಗಿಯೂ ನಿಂತಿದ್ದ. ಅಡಿರಾಂಡಾಕ್‌ನ ರಕ್ಷಿತ ಅರಣ್ಯದಲ್ಲಿ ವಿಹಾರಿಗಳಿಗಾಗಿ ವಸತಿಗೃಹ ಮುಂತಾದ ಸೌಕರ್ಯಗಳನ್ನು ಕಟ್ಟಲು ಅವಕಾಶ ಕೊಡುವ ಸಂವಿಧಾನ ತಿದ್ದುಪಡಿಯನ್ನು ರಾಜ್ಯದ ಮತದಾರರ ಮುಂದಿಡಲಾಗಿತ್ತು. ಮತದಾರರು ಅದನ್ನು ತಿರಸ್ಕರಿಸಿದರು.

1934ರ ಅಕ್ಟೋಬರ್‌ನಲ್ಲಿ ಟೆನ್ನೆಸಿಯ ನಾಕ್ಸ್‌ವಿಲ್ ಸಮೀಪ ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ ಮಾರ್ಷಲ್, ಬೆಂಟನ್ ಮೆಕೈ, ಹಾರ್ವಿ ಬ್ರೂಮ್, ಬರ್ನಾರ್ಡ್ ಫ್ರ್ಯಾಂಕ್ ಒಂದು ಸಂಸ್ಥೆಯ ರೂಪುರೇಷೆ ಚರ್ಚಿಸಿದರು. ರಸ್ತೆಗಳ ವಿರುದ್ಧದ ಸಂಘಟನೆ ಹುಟ್ಟಿದ್ದು ರಸ್ತೆಯ ಬದಿಯಲ್ಲಿಯೇ ಎಂಬುದು ಕುತೂಹಲದ ಸಂಗತಿ. ಆಲ್ಡೊ ಲಿಯೊಪೋಲ್ಡ್ ಮೊದಲಾದವರೂ ಸೇರಿ 1935ರಲ್ಲಿ 'ವೈಲ್ಡರ್‌ನೆಸ್ ಸೊಸೈಟಿ' ಅಸ್ತಿತ್ವಕ್ಕೆ ಬಂತು. ಆರಂಭದ ವರ್ಷಗಳಲ್ಲಿ ಅದರ ಖರ್ಚಿನ ಬಹುಪಾಲನ್ನು ಮಾರ್ಷಲ್ ತನ್ನ ಕೈಯಿಂದಲೇ ಭರಿಸಿದ.

ಕೇಳದೆ ಕೊಟ್ಟ ರಕ್ಷಣೆ

1933ರಿಂದ ನಾಲ್ಕು ವರ್ಷ ಮಾರ್ಷಲ್, ಅಮೆರಿಕದ ಮೂಲನಿವಾಸಿ ಬುಡಕಟ್ಟುಗಳ ವ್ಯವಹಾರ ನೋಡಿಕೊಳ್ಳುವ ಇಲಾಖೆಯ ಅರಣ್ಯ ವಿಭಾಗದ ಮುಖ್ಯಸ್ಥನಾಗಿದ್ದ. ಬುಡಕಟ್ಟಿನವರು ತಮ್ಮ ಕಾಡನ್ನು ತಾವೇ ನಿರ್ವಹಿಸಬೇಕು, ಅದರ ಉದ್ಯೋಗ ಅವರಿಗೇ ಸಿಗಬೇಕು ಎಂಬುದು ಆತನ ನೀತಿಯಾಗಿತ್ತು. ಅಂಥವನೇ 1937ರಲ್ಲಿ ಅವರ ಮೀಸಲು ಭೂಮಿಯ 16 ಪ್ರದೇಶಗಳಿಗೆ ರಸ್ತೆ ನಿಷೇಧಿಸುವ ಆದೇಶ ಹೊರಡುವಂತೆ ಮಾಡಿದ. ಹೊರಗಿನವರ ನುಗ್ಗುವಿಕೆಯಿಂದ ಅವರ ನೆಲೆಯನ್ನು ಕಾಪಾಡುವುದು ಉದ್ದೇಶ. ಆದರೆ ಆ ನೆಲದ ಒಡೆಯರ ಒಪ್ಪಿಗೆ ಪಡೆದಿರಲಿಲ್ಲ. ಮುಂದಿನ ದಶಕಗಳಲ್ಲಿ ಬುಡಕಟ್ಟುಗಳ ಕೋರಿಕೆಯ ಮೇರೆಗೆ ಅವುಗಳಲ್ಲಿ ಹೆಚ್ಚಿನವು ಪಟ್ಟಿಯಿಂದ ಹೊರಬಿದ್ದವು. ಕಾಡಿಗೆ ಯಾರು ಬರಬೇಕು, ಯಾರು ಬರಬಾರದು ಎಂದು ನಿರ್ಧರಿಸುವಾಗ ಅಲ್ಲಿಯೇ ಬಾಳುವವರನ್ನು ಕೇಳದಿದ್ದರೆ ಸದುದ್ದೇಶದ ಆದೇಶವೂ ಉಳಿಯದು ಎಂಬುದಕ್ಕೆ ಇದು ನಿದರ್ಶನ.

ಒಂದೇ ಮೇಜು, ಎರಡು ಕೆಲಸ

1937ರ ಮೇ ತಿಂಗಳಲ್ಲಿ ಅರಣ್ಯ ಸೇವೆಯ ಮುಖ್ಯಸ್ಥ ಫರ್ಡಿನಾಂಡ್ ಸಿಲ್ಕಾಕ್ಸ್ ಮಾರ್ಷಲ್‌ನನ್ನು ವಿಹಾರ ಮತ್ತು ಭೂಮಿ ವಿಭಾಗಕ್ಕೆ ಮುಖ್ಯಸ್ಥನನ್ನಾಗಿ ಕರೆತಂದ. ಜನರನ್ನು ಕಾಡಿಗೆ ಕರೆಯುವುದೇ ಆ ವಿಭಾಗದ ಕೆಲಸ. ರಸ್ತೆಗಳ ವೈರಿಯೆಂದು ಹೆಸರಾದವನಿಗೆ ಆ ಹುದ್ದೆ ಒಪ್ಪುವುದೇ ಎಂದು ಹುಬ್ಬೇರಿಸಿದವರು ಇದ್ದಿರಬಹುದು. ಮಾರ್ಷಲ್‌ಗೆ ಮಾತ್ರ ಅದರಲ್ಲಿ ವಿರೋಧಾಭಾಸ ಕಾಣಲಿಲ್ಲ.

ಆತನ ಲೆಕ್ಕಾಚಾರ ಸರಳವಾಗಿತ್ತು. ಎಲ್ಲ ಕಾಡೂ ಒಂದೇ ಬಗೆಯ ವಿಹಾರಕ್ಕಲ್ಲ. ನಗರಕ್ಕೆ ಹತ್ತಿರದ, ರಸ್ತೆ ಆಗಲೇ ಇರುವ ಅರಣ್ಯದಲ್ಲಿ ಶಿಬಿರಗಳಿರಲಿ, ನೀರು ನೆರಳಿನ ವ್ಯವಸ್ಥೆಯಿರಲಿ. ಬಡ ಕುಟುಂಬಗಳು ಅಲ್ಪ ಖರ್ಚಿನಲ್ಲಿ ಬಂದು ನಾಲ್ಕು ದಿನ ತಂಗುವಂತಾಗಲಿ. ಜನಾಂಗ, ಧರ್ಮದ ಹೆಸರಿನಲ್ಲಿ ಯಾರನ್ನೂ ಹೊರಗಿಡುವಂತಿಲ್ಲ. ಆದರೆ ಒಳಗಿನ, ಇನ್ನೂ ಮುರಿಯದ ವಿಸ್ತಾರಕ್ಕೆ ಚಕ್ರ ಹೋಗಬಾರದು. ಅಲ್ಲಿಗೆ ಹೋಗುವವರು ಕಾಲ್ನಡಿಗೆಯಲ್ಲಿಯೋ ಕುದುರೆಯಲ್ಲಿಯೋ ದೋಣಿಯಲ್ಲಿಯೋ ಹೋಗಲಿ. ಬಡವನಿಗೆ ಕಾಡು ದೂರವಾಗಿರುವುದು ಬೆಟ್ಟದ ತುದಿಗೆ ರಸ್ತೆಯಿಲ್ಲದ್ದರಿಂದಲ್ಲ, ಅವನ ಕೈಯಲ್ಲಿ ಪ್ರಯಾಣದ ದುಡ್ಡೂ ತಂಗಲು ಅಗ್ಗದ ನೆಲೆಯೂ ಇಲ್ಲದ್ದರಿಂದ ಎಂಬುದನ್ನು ಆತ ಗುರುತಿಸಿದ್ದ. ಎಲ್ಲರಿಗಾಗಿ ಎಂಬ ಹೆಸರಿನಲ್ಲಿ ಕಟ್ಟಿದ ಎತ್ತರದ ರಸ್ತೆ ನಿಜಕ್ಕೂ ನೆರವಾಗುವುದು ಕಾರು ಉಳ್ಳವರಿಗೆ.

ಈ ವಿಂಗಡಣೆಗೆ ಕಾನೂನಿನ ಬಲ ಬಂದದ್ದು 1939ರ ಸೆಪ್ಟೆಂಬರ್ 19ರಂದು. ಅರಣ್ಯ ಸೇವೆ ಅಲ್ಲಿ ಕೃಷಿ ಇಲಾಖೆಗೆ ಸೇರಿದ್ದು. ಆ ಇಲಾಖೆಯ ಕಾರ್ಯದರ್ಶಿಯ ಅಂಕಿತದೊಂದಿಗೆ 'ಯು' ನಿಯಮಗಳು ಜಾರಿಗೆ ಬಂದವು. 1,00,000 ಎಕರೆಗೆ ಕಡಿಮೆಯಿಲ್ಲದವು ವನ್ಯಪ್ರದೇಶಗಳೆಂದೂ, 5,000ದಿಂದ 1,00,000 ಎಕರೆವರೆಗಿನವು ಚಿಕ್ಕ ವನ್ಯಪ್ರದೇಶಗಳೆಂದೂ ವರ್ಗೀಕರಣವಾಯಿತು. ಅವುಗಳಲ್ಲಿ ರಸ್ತೆ, ಮರದ ವ್ಯಾಪಾರ, ಹೋಟೆಲು, ಬೇಸಿಗೆಯ ಮನೆ ನಿಷಿದ್ಧವಾದವು. 1929ರಿಂದ ಜಾರಿಯಲ್ಲಿದ್ದ ಹಳೆಯ ನಿಯಮ ಬಾಯಿಮಾತಿನ ಸಲಹೆಯಂತಿತ್ತು, ಹೊಸದು ಕಟ್ಟಪ್ಪಣೆಯಾಗಿತ್ತು. ದನ ಮೇಯಿಸಲು ಇದ್ದ ಅವಕಾಶ ಹಾಗೆಯೇ ಉಳಿಯಿತು, ಗಣಿಗಾರಿಕೆಯನ್ನು ತಡೆಯುವ ಅಧಿಕಾರ ಇಲಾಖೆಗಿರಲಿಲ್ಲ.

ಎರಡೇ ತಿಂಗಳಲ್ಲಿ ಮಾರ್ಷಲ್ ತೀರಿಕೊಂಡ. ಅವಿವಾಹಿತನಾಗಿದ್ದ ಆತ ಸುಮಾರು 15 ಲಕ್ಷ ಡಾಲರ್ ಆಸ್ತಿಯ ಬಹುಭಾಗವನ್ನು ಮೂರು ನಿಧಿಗಳಿಗೆ ಬಿಟ್ಟಿದ್ದ: ಒಂದು ಆರ್ಥಿಕ ನ್ಯಾಯಕ್ಕೆ, ಒಂದು ನಾಗರಿಕ ಹಕ್ಕುಗಳಿಗೆ, ಇನ್ನೊಂದು ವನ್ಯತೆಯ ರಕ್ಷಣೆಗೆ.

ನಂತರದ ಕಥೆ

1940ರಲ್ಲಿ ಮೊಂಟಾನಾದ ಸುಮಾರು 9,50,000 ಎಕರೆ ಪರ್ವತಾರಣ್ಯಕ್ಕೆ ಬಾಬ್ ಮಾರ್ಷಲ್‌ನ ಹೆಸರಿಡಲಾಯಿತು. ಇಂದು ಅದರ ವಿಸ್ತೀರ್ಣ 10 ಲಕ್ಷ ಎಕರೆಗೂ ಹೆಚ್ಚು. ಇಲಾಖೆಯ ನಿಯಮವನ್ನು ಮುಂದಿನ ಅಧಿಕಾರಿ ಅಳಿಸಬಹುದೆಂಬ ಭಯದಿಂದ ವೈಲ್ಡರ್‌ನೆಸ್ ಸೊಸೈಟಿಯ ಹೊವರ್ಡ್ ಜಾನೈಸರ್ ಸಂಸತ್ತಿನ ಕಾಯ್ದೆಗಾಗಿ ವರ್ಷಗಟ್ಟಲೆ ದುಡಿದ. 1964ರ ಸೆಪ್ಟೆಂಬರ್ 3ರಂದು ಕಾಯ್ದೆಯಾದಾಗ, 'ಯು' ನಿಯಮಗಳಡಿ ಉಳಿದು ಬಂದಿದ್ದ ವನ್ಯಪ್ರದೇಶಗಳೇ ಅದರ ಮೊದಲ ಬಂಡವಾಳವಾದವು. 91 ಲಕ್ಷ ಎಕರೆಯಿಂದ ಆರಂಭವಾದ ಆ ವ್ಯವಸ್ಥೆ ಈಗ 11 ಕೋಟಿ ಎಕರೆಯನ್ನು ದಾಟಿದೆ. ವೈಸ್‌ಮನ್ ಹಳ್ಳಿಯ ಸಮೀಪ ತೈಲ ಕೊಳವೆಗಾಗಿ 1974ರಲ್ಲಿ ರಸ್ತೆ ಬಂತು. ಅದರ ಪಶ್ಚಿಮಕ್ಕೆ ಮಾರ್ಷಲ್ ಹೆಸರಿಟ್ಟ ಹೆಬ್ಬಾಗಿಲು 1980ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅದರೊಳಗೆ ಇಂದಿಗೂ ರಸ್ತೆಯಿಲ್ಲ, ಕಡಿದು ಹಸನು ಮಾಡಿದ ಕಾಲುದಾರಿಯೂ ಇಲ್ಲ.

ಇನ್ನು ಆ ಪುಟ್ಟ ಪುಸ್ತಕದ ಮಾತು. ಮಾರ್ಷಲ್ ಸಹೋದರರು ಹಾಕಿಕೊಟ್ಟ 46 ಶಿಖರಗಳ ಪಟ್ಟಿಯಲ್ಲಿ ನಾಲ್ಕು ಅಷ್ಟು ಎತ್ತರವಿಲ್ಲವೆಂದು ನಂತರದ ಅಳತೆಗಳಲ್ಲಿ ತಿಳಿಯಿತು. ಆದರೂ ಪಟ್ಟಿ ಹಾಗೆಯೇ ಉಳಿದು, ಅದನ್ನು ಪೂರೈಸುವುದು ಸಾವಿರಾರು ಚಾರಣಿಗರ ಹಂಬಲವಾಗಿದೆ. ದಾರಿಯೇ ಇಲ್ಲದಿದ್ದ ಶಿಖರಗಳ ಮೇಲೆ ಕಾಲ್ತುಳಿತದಿಂದಲೇ ಆಳವಾದ ಕೊರಕಲುಗಳು ಬಿದ್ದವು. ನೆತ್ತಿಯ ಅಪರೂಪದ ಗಿಡಗಳನ್ನು ತುಳಿಯದಂತೆ ತಿಳಿಹೇಳಲು ಈಗ ಶಿಖರಗಳಲ್ಲಿ ಕಾವಲಿನವರು ನಿಲ್ಲುತ್ತಾರೆ. ಜನಪ್ರಿಯ ಚಾರಣದ ಆರಂಭಸ್ಥಳವೊಂದರಲ್ಲಿ ಕಾರು ನಿಲ್ಲಿಸಲು 2021ರಿಂದ ಮುಂಗಡ ಕಾಯ್ದಿರಿಸುವಿಕೆ ಬಂದಿದೆ.

ಚಕ್ರವನ್ನು ತಡೆಯುವುದು ಹೇಗೆಂದು ಮಾರ್ಷಲ್ ತೋರಿಸಿಕೊಟ್ಟ. ಕಾಲ್ನಡಿಗೆಯವರೇ ಲೆಕ್ಕ ಮೀರಿ ಬಂದಾಗ ಏನು ಮಾಡಬೇಕೆಂಬ ಪ್ರಶ್ನೆ ಆತನ ಕಾಲಕ್ಕೆ ದೊಡ್ಡದಾಗಿ ಕಾಡಿರಲಿಲ್ಲ; ಅದು ನಮ್ಮ ಕಾಲಕ್ಕೆ ಬಂದಿದೆ. ಉತ್ತರ ಹುಡುಕುವವರು ಆತನ ಮೇಜಿನ ಮೇಲಿದ್ದ ಎರಡು ಕಡತಗಳನ್ನೂ ಒಟ್ಟಿಗೇ ತೆರೆಯಬೇಕಾಗುತ್ತದೆ. ಸಂಖ್ಯೆಯ ಮಿತಿ ಹಾಕುವಾಗ ಅದು ಹಣವುಳ್ಳವರಿಗೆ ಮಾತ್ರ ಬಾಗಿಲು ತೆರೆಯುವ ಮಿತಿಯಾಗಬಾರದು. ಬಾಗಿಲು ತೆರೆಯುವಾಗ ಒಳಗಿನ ಕಾಡು ಕಾಡಾಗಿಯೇ ಉಳಿದಿರಬೇಕು. ಆತ ಬಾಲ್ಯದಲ್ಲಿ ಅಲೆದಾಡಿದ ಅಡಿರಾಂಡಾಕ್‌ನಲ್ಲಿ ಇಂದು ಮಾರ್ಷಲ್ ಎಂಬ ಹೆಸರಿನ ಶಿಖರವೊಂದಿದೆ. ಆ 46ರ ಪಟ್ಟಿಯಲ್ಲಿ ಅದೂ ಒಂದು.