ಪಲ್ವಂಕರ್ ಬಾಲೂ

ಕ್ರೀಡಾಂಗಣದಲ್ಲಿ ಎಲ್ಲರೂ ಸಮಾನರೆಂದು ಹೇಳುವುದು ವಾಡಿಕೆ. ಅಲ್ಲಿಯ ಬಿಸಿಲು ಎಲ್ಲರಿಗೂ ಒಂದೇ. ಆಟದ ನಿಯಮಗಳೂ ಒಂದೇ. ಆದರೆ ಒಂದು ಕಾಲದಲ್ಲಿ ನಮ್ಮ ದೇಶದಲ್ಲಿ ಆಟದ ಬಯಲಿನ ಗೆರೆಯನ್ನು ದಾಟಿ ಹೊರಗೆ ಬಂದೊಡನೆ ಆ ಸಮಾನತೆ ಮುಗಿದುಹೋಗುತ್ತಿತ್ತು. ಜೊತೆಯಲ್ಲಿ ಆಡಿದವರು ಜೊತೆಯಲ್ಲಿ ಕುಳಿತು ಉಣ್ಣಲು ಒಪ್ಪುತ್ತಿರಲಿಲ್ಲ. ಅಂಥ ಕಾಲದಲ್ಲಿ ಮೈದಾನದ ಕೂಲಿಯಾಗಿ ಜೀವನವನ್ನು ಆರಂಭಿಸಿ, ಭಾರತದ ಮೊದಲ ಶ್ರೇಷ್ಠ ಬೌಲರ್ ಎಂಬ ಕೀರ್ತಿಗೆ ಪಾತ್ರರಾದವರು ಪಲ್ವಂಕರ್ ಬಾಲೂ.

ಬಾಲೂ ಅವರು ಹುಟ್ಟಿದ್ದು 1876ರಲ್ಲಿ, ಧಾರವಾಡದಲ್ಲಿ. ಧಾರವಾಡವು ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅವರ ಪೂರ್ವಜರ ಊರು ಕೊಂಕಣ ಕರಾವಳಿಯ ಪಲ್ವಣ. ಅದರಿಂದಲೇ ಪಲ್ವಂಕರ್ ಎಂಬ ಮನೆತನದ ಹೆಸರು ಬಂದಿತು. ಚರ್ಮದ ಕಸುಬಿನವರೆಂಬ ಕಾರಣದಿಂದ ಅವರ ಸಮುದಾಯವನ್ನು ಅಂದಿನ ಸಮಾಜವು ಅಸ್ಪೃಶ್ಯವೆಂದು ದೂರವಿರಿಸಿತ್ತು. ತಂದೆಗೆ ಸೈನ್ಯದಲ್ಲಿ ನೌಕರಿ. ಆ ನೌಕರಿಯ ನಿಮಿತ್ತ ಕುಟುಂಬವು ಪುಣೆಗೆ ಬಂದು ನೆಲೆಸಿತು. ಅಲ್ಲಿ ಆಂಗ್ಲ ಅಧಿಕಾರಿಗಳು ಆಡಿ ಬಿಸುಟ ಹಳೆಯ ಚೆಂಡು, ಬ್ಯಾಟುಗಳೇ ಬಾಲೂ ಮತ್ತು ಅವರ ತಮ್ಮ ಶಿವರಾಮರಿಗೆ ಮೊದಲ ಆಟದ ಸಾಮಗ್ರಿಗಳಾದವು.

ಬಡತನವು ಬಾಲೂ ಅವರನ್ನು ಎಳೆಯ ವಯಸ್ಸಿನಲ್ಲಿಯೇ ದುಡಿಮೆಗೆ ಹಚ್ಚಿತು. ಪಾರ್ಸಿಗಳ ಕ್ರಿಕೆಟ್ ಮೈದಾನವನ್ನು ಗುಡಿಸಿ, ನೆಲಕ್ಕೆ ರೋಲರ್ ಎಳೆಯುವುದು ಅವರ ಮೊದಲ ಕೆಲಸ. ಸಂಬಳ ತಿಂಗಳಿಗೆ 3 ರೂಪಾಯಿ. 1892ರಲ್ಲಿ ಅವರು ಯುರೋಪಿಯನ್ನರ ಪೂನಾ ಕ್ಲಬ್ಬಿಗೆ ಸೇರಿದರು. ಸಂಬಳ 4 ರೂಪಾಯಿಗೆ ಏರಿತು. ಗೆರೆ ಎಳೆಯುವುದು, ಬಲೆ ಕಟ್ಟುವುದು, ಅಭ್ಯಾಸಕ್ಕೆ ಬಂದ ಸದಸ್ಯರಿಗೆ ಚೆಂಡು ಎಸೆಯುವುದು ಇವೆಲ್ಲ ಆ ಸಂಬಳದ ಕೆಲಸಗಳೇ ಆಗಿದ್ದವು. ಹೀಗೆ ಆಟವು ಅವರಿಗೆ ವಿನೋದವಾಗುವ ಮೊದಲು ಹೊಟ್ಟೆಪಾಡಾಯಿತು.

ಆ ಕ್ಲಬ್ಬಿನಲ್ಲಿ ಗ್ರೇಗ್ ಎಂಬ ಸೈನ್ಯಾಧಿಕಾರಿ ಇದ್ದನು. ಅವನು ಆ ಕಾಲದ ಹೆಸರಾಂತ ಬ್ಯಾಟುಗಾರ. ಬಾಲೂ ಅವರು ಅವನಿಗೆ ಗಂಟೆಗಟ್ಟಲೆ ಚೆಂಡು ಎಸೆಯುತ್ತಿದ್ದರು. ತನ್ನನ್ನು ಔಟು ಮಾಡಿದಾಗಲೆಲ್ಲ ಗ್ರೇಗನು ಅವರಿಗೆ 8 ಆಣೆ ಕೊಡುತ್ತಿದ್ದನೆಂಬ ಪ್ರತೀತಿಯಿದೆ. 4 ರೂಪಾಯಿ ಸಂಬಳದವರಿಗೆ ಅದು ಸುಮಾರು ನಾಲ್ಕು ದಿನಗಳ ಗಳಿಕೆ! ನಿರಂತರ ಅಭ್ಯಾಸದಿಂದ ಅವರ ಎಡಗೈಯ ನಿಧಾನ ಎಸೆತಕ್ಕೆ ಅಪೂರ್ವ ಹಿಡಿತ ಬಂದಿತು. ಚೆಂಡು ನೆಲಕ್ಕೆ ಬಿದ್ದು ಯಾವ ಕಡೆಗೆ ತಿರುಗುವುದೆಂದು ಊಹಿಸುವುದು ನುರಿತವರಿಗೂ ಕಷ್ಟವಾಯಿತು. ಆದರೆ ದಿನವಿಡೀ ಚೆಂಡು ಎಸೆದ ಆ ಯುವಕನ ಕೈಗೆ ಕ್ಲಬ್ಬಿನವರು ಒಂದು ಸಲವಾದರೂ ಬ್ಯಾಟು ಕೊಡಲಿಲ್ಲ. ಎಸೆಯುವುದು ಸೇವಕನ ಕೆಲಸ, ಹೊಡೆಯುವುದು ಒಡೆಯನ ವಿನೋದ ಎಂಬುದು ಅಲ್ಲಿಯ ರೂಢಿಯಾಗಿತ್ತು.

ಬಾಲೂ ಅವರ ಕೌಶಲದ ಸುದ್ದಿ ಊರಲ್ಲಿ ಹಬ್ಬಿತು. ಪುಣೆಯ ಹಿಂದೂ ತಂಡದವರಿಗೆ ಯುರೋಪಿಯನ್ನರನ್ನು ಸೋಲಿಸುವ ಹಂಬಲ. ಆದರೆ ಅಸ್ಪೃಶ್ಯನೆನಿಸಿದವನನ್ನು ತಂಡಕ್ಕೆ ಸೇರಿಸಿಕೊಳ್ಳುವುದು ಹೇಗೆ? ಕೆಲವರು ವಿರೋಧಿಸಿದರು, ಕೆಲವರು ಬೆಂಬಲಿಸಿದರು. ಕೊನೆಗೆ ಗೆಲುವಿನ ಆಸೆ ಗೆದ್ದಿತು. ಬಾಲೂ ತಂಡಕ್ಕೆ ಬಂದರು.

ಮೈದಾನದಲ್ಲಿ ಎಲ್ಲರೂ ಅದೇ ಚೆಂಡನ್ನು ಮುಟ್ಟಿದರು. ಬಾಲೂ ಅವರ ಕೈಯಿಂದ ಹೊರಟ ಚೆಂಡು ಉಚ್ಚ ಕುಲದವರ ಕೈಸೇರಿದಾಗ ಯಾರಿಗೂ ಮೈಲಿಗೆಯಾಗಲಿಲ್ಲ. ಆದರೆ ಚಹದ ವಿರಾಮ ಬಂದೊಡನೆ ಚಿತ್ರವೇ ಬದಲಾಗುತ್ತಿತ್ತು. ಉಳಿದವರು ಒಳಗೆ ಕುಳಿತು ಪಿಂಗಾಣಿ ಬಟ್ಟಲುಗಳಲ್ಲಿ ಚಹ ಕುಡಿಯುತ್ತಿದ್ದರು. ಬಾಲೂ ಅವರಿಗೆ ಹೊರಗೆ, ಕುಡಿದು ಎಸೆಯುವ ಮಣ್ಣಿನ ಕುಡಿಕೆಯಲ್ಲಿ ಚಹ ಬರುತ್ತಿತ್ತು. ಊಟಕ್ಕೆ ಬೇರೆ ತಟ್ಟೆ, ಬೇರೆ ಜಾಗ. ಮುಖ ತೊಳೆಯಬೇಕೆಂದರೆ ಅವರದೇ ವರ್ಗದ ಸೇವಕನೊಬ್ಬನು ಮೂಲೆಯಲ್ಲಿ ನಿಂತು ನೀರು ಹೊಯ್ಯಬೇಕಾಗಿತ್ತು. ಬಾಲೂ ಅವರು ಆ ಚಹವನ್ನು ಕುಡಿದು, ಮತ್ತೆ ಮೈದಾನಕ್ಕೆ ಹೋಗಿ, ತಂಡಕ್ಕೆ ಗೆಲುವನ್ನು ತಂದುಕೊಡುತ್ತಿದ್ದರು. ಸಮಾಜ ಸುಧಾರಕರಾದ ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆ ಅವರು ಇದನ್ನು ಕಂಡು, ಜೊತೆಯಲ್ಲಿ ಆಡಬಲ್ಲವರು ಜೊತೆಯಲ್ಲಿ ಉಣ್ಣಲೂ ಬಲ್ಲವರಾಗಬೇಕೆಂದು ಆಟಗಾರರಿಗೆ ತಿಳಿಹೇಳಿದರು.

1896ರಲ್ಲಿ ಪುಣೆಯಲ್ಲಿ ಪ್ಲೇಗು ಹರಡಿದಾಗ ಬಾಲೂ ಅವರು ಮುಂಬಯಿಗೆ ಬಂದರು. ಅಲ್ಲಿ ರೈಲ್ವೆಯಲ್ಲಿ ನೌಕರಿ ದೊರೆಯಿತು. ಹಿಂದೂ ಜಿಮಖಾನಾದ ತಂಡದಲ್ಲಿ ಸ್ಥಾನವೂ ದೊರೆಯಿತು. ಅಂದಿನ ಪಂದ್ಯಗಳು ಮತಧರ್ಮಗಳ ಹೆಸರಿನಲ್ಲಿಯೇ ನಡೆಯುತ್ತಿದ್ದವು. 1906ರ ಫೆಬ್ರವರಿಯಲ್ಲಿ ಹಿಂದೂ ತಂಡವು ಯುರೋಪಿಯನ್ನರನ್ನು ಎದುರಿಸಿತು. ಹಿಂದೂಗಳು ತಮ್ಮ ಎರಡು ಇನಿಂಗ್ಸುಗಳಲ್ಲಿ 242 ಮತ್ತು 160 ರನ್ನುಗಳನ್ನು ಗಳಿಸಿದರು. ಯುರೋಪಿಯನ್ನರು 191 ಮತ್ತು 102 ರನ್ನುಗಳಿಗೆ ಕುಸಿದು, 109 ರನ್ನುಗಳಿಂದ ಸೋತರು. ಬಾಲೂ ಮತ್ತು ಶಿವರಾಮ ಇಬ್ಬರೂ ಆ ತಂಡದಲ್ಲಿದ್ದರು. ಆಳುವವರನ್ನು ಅವರ ಆಟದಲ್ಲಿಯೇ ಸೋಲಿಸಿದ ಈ ಗೆಲುವು ಜನರಲ್ಲಿ ಹೊಸ ಆತ್ಮವಿಶ್ವಾಸವನ್ನು ತುಂಬಿತು.

1911ರಲ್ಲಿ ಪಟಿಯಾಲದ ಮಹಾರಾಜ ಭೂಪೇಂದ್ರ ಸಿಂಗರ ನಾಯಕತ್ವದಲ್ಲಿ ಅಖಿಲ ಭಾರತ ತಂಡವು ಇಂಗ್ಲೆಂಡಿಗೆ ಪ್ರಯಾಣ ಮಾಡಿತು. ಹಿಂದೂ, ಮುಸಲ್ಮಾನ, ಪಾರ್ಸಿ, ಸಿಖ್ ಆಟಗಾರರೆಲ್ಲರೂ ಕೂಡಿದ ತಂಡವದು. ಪರಿಚಯವಿಲ್ಲದ ನೆಲಗಳಲ್ಲಿ ತಂಡವು ಸೋತ ಪಂದ್ಯಗಳೇ ಹೆಚ್ಚು. ಆದರೆ ಬಾಲೂ ಅವರು ಮಾತ್ರ ಎದುರಾಳಿಗಳ ಪ್ರಶಂಸೆಗೆ ಪಾತ್ರರಾದರು. ಆ ಪ್ರವಾಸದಲ್ಲಿ ಅವರು ಉರುಳಿಸಿದ ವಿಕೆಟ್ಟುಗಳು ಒಟ್ಟು 114. ಕೇಂಬ್ರಿಜ್ ವಿಶ್ವವಿದ್ಯಾಲಯದ ವಿರುದ್ಧ ಒಂದೇ ಇನಿಂಗ್ಸಿನಲ್ಲಿ 8 ವಿಕೆಟ್ಟುಗಳು ಅವರ ಪಾಲಾದವು. ಲೆಸ್ಟರ್‌ಷೈರ್ ತಂಡವನ್ನು ಭಾರತೀಯರು ಸೋಲಿಸಿದ್ದರಲ್ಲಿ ಅವರ ಎಸೆತದ ಪಾತ್ರ ದೊಡ್ಡದು. ಆಗ ಅವರ ವಯಸ್ಸು 35. ತೋಳಿನಲ್ಲಿ ನೋವೂ ಇತ್ತು.

ಮುಂಬಯಿಗೆ ಮರಳಿದಾಗ ದೀನದಲಿತ ವರ್ಗಗಳ ಜನರು ಸಭೆ ಸೇರಿಸಿ ಅವರನ್ನು ಸನ್ಮಾನಿಸಿದರು. ಅಂದು ಮಾನಪತ್ರವನ್ನು ಅರ್ಪಿಸಿದವರು ಆಗಿನ್ನೂ ಕಾಲೇಜು ವಿದ್ಯಾರ್ಥಿಯಾಗಿದ್ದ ಭೀಮರಾವ್ ಅಂಬೇಡ್ಕರ್ ಎಂದು ಹೇಳುತ್ತಾರೆ.

ಇಷ್ಟೆಲ್ಲ ಸಾಧಿಸಿದರೂ ಒಂದು ಬಾಗಿಲು ಮಾತ್ರ ಬಾಲೂ ಅವರಿಗೆ ಮುಚ್ಚಿಯೇ ಇತ್ತು. ಅದು ನಾಯಕತ್ವದ ಬಾಗಿಲು. ವರ್ಷ ವರ್ಷವೂ ಅವರ ಹೆಸರು ಕೇಳಿಬರುತ್ತಿತ್ತು. ವರ್ಷ ವರ್ಷವೂ ನಾಯಕನ ಪಟ್ಟ ಉಚ್ಚ ಕುಲದವರಿಗೇ ಸಲ್ಲುತ್ತಿತ್ತು. ಆ ವೇಳೆಗೆ ಅವರ ಕಿರಿಯ ತಮ್ಮ ವಿಠ್ಠಲನೂ ಶ್ರೇಷ್ಠ ಬ್ಯಾಟುಗಾರನಾಗಿ ಬೆಳೆದಿದ್ದನು. 1920ರಲ್ಲಿ ನಾಯಕರಾದ ಎಂ. ಡಿ. ಪೈ ಅವರು ಅಸ್ವಸ್ಥರಾದಾಗ, ವಿಠ್ಠಲನ ಹಿರಿತನವನ್ನು ಬದಿಗಿರಿಸಿ ಬೇರೊಬ್ಬರನ್ನು ನಾಯಕರನ್ನಾಗಿ ಮಾಡಲಾಯಿತು. ಬಾಲೂ ಅವರನ್ನು ತಂಡದಿಂದಲೇ ಕೈಬಿಡಲಾಯಿತು. ಆಗ ಶಿವರಾಮ ಮತ್ತು ವಿಠ್ಠಲ ಅನ್ಯಾಯವನ್ನು ಪ್ರತಿಭಟಿಸಿ ತಂಡದಿಂದ ಹೊರಗೆ ಉಳಿದರು. ಜನರ ಸಹಾನುಭೂತಿ ಸಹೋದರರ ಕಡೆಗೆ ಹರಿಯಿತು. ಸಮಿತಿಯವರು ಮಣಿಯಬೇಕಾಯಿತು. ಮುಂದಿನ ಪಂದ್ಯಕ್ಕೆ ಬಾಲೂ ಅವರು ಉಪನಾಯಕರಾದರು. ಆಟದ ನಡುವೆ ಪೈ ಅವರು ತಾವಾಗಿಯೇ ಮೈದಾನದಿಂದ ಹೊರಗೆ ಹೋಗಿ, ಸ್ವಲ್ಪ ಹೊತ್ತಾದರೂ ಬಾಲೂ ಅವರು ತಂಡವನ್ನು ನಡೆಸುವಂತೆ ಮಾಡಿದರು. ಇಡೀ ಜೀವನದ ಸಾಧನೆಗೆ ದೊರೆತ ನಾಯಕತ್ವ ಅಷ್ಟೇ. ಆದರೆ ಮುಚ್ಚಿದ್ದ ಬಾಗಿಲು ಬಿರುಕುಬಿಟ್ಟಿತ್ತು. 1923ರಲ್ಲಿ ವಿಠ್ಠಲ ಹಿಂದೂ ತಂಡದ ನಾಯಕರಾಗಿ, ಆ ವರ್ಷವೇ ಪ್ರಶಸ್ತಿಯನ್ನು ಗೆದ್ದುಕೊಟ್ಟರು.

ಪ್ರಥಮ ದರ್ಜೆಯ 33 ಪಂದ್ಯಗಳಲ್ಲಿ 179 ವಿಕೆಟ್ಟುಗಳನ್ನು ಗಳಿಸಿ ಬಾಲೂ ಅವರು ಆಟದಿಂದ ನಿವೃತ್ತರಾದರು. ಭಾರತವು ತನ್ನ ಮೊದಲ ಟೆಸ್ಟ್ ಪಂದ್ಯವನ್ನು ಆಡಿದ್ದು 1932ರಲ್ಲಿ. ಅಷ್ಟು ಹೊತ್ತಿಗೆ ಅವರ ಆಟದ ವಯಸ್ಸು ಮೀರಿಹೋಗಿತ್ತು. ಅನಂತರ ಅವರು ಸಾರ್ವಜನಿಕ ಜೀವನವನ್ನು ಪ್ರವೇಶಿಸಿದರು. 1932ರ ಪೂನಾ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. 1937ರ ಚುನಾವಣೆಯಲ್ಲಿ ಕಾಂಗ್ರೆಸ್ಸು ಅವರನ್ನು ಅಂಬೇಡ್ಕರ್ ಅವರ ಎದುರಿನಲ್ಲಿಯೇ ನಿಲ್ಲಿಸಿತು. ಅಂಬೇಡ್ಕರ್ ಅವರಿಗೆ 13,245 ಮತಗಳು, ಬಾಲೂ ಅವರಿಗೆ 11,225 ಮತಗಳು ಬಂದವು. ಇಬ್ಬರ ಮಾರ್ಗಗಳು ಬೇರೆಯಾಗಿದ್ದವು. ಕಳೆಯಬೇಕೆಂದಿದ್ದ ಕಳಂಕ ಒಂದೇ ಆಗಿತ್ತು. ಅಂಬೇಡ್ಕರ್ ಅವರ ಅಧ್ಯಕ್ಷತೆಯ ಸಮಿತಿಯು ಕರಡು ರಚಿಸಿದ ಸಂವಿಧಾನವು 1950ರಲ್ಲಿ ಜಾರಿಗೆ ಬಂದು, ತನ್ನ 17ನೆಯ ವಿಧಿಯಿಂದ ಅಸ್ಪೃಶ್ಯತೆಯನ್ನು ನಿಷೇಧಿಸಿತು. ಅದನ್ನು ಕಣ್ಣಾರೆ ಕಂಡ ಬಾಲೂ ಅವರು 1955ರ ಜುಲೈ 4ರಂದು ಮುಂಬಯಿಯಲ್ಲಿ ನಿಧನ ಹೊಂದಿದರು.

ಪ್ರತಿಭೆಯಿದ್ದರೆ ಎಲ್ಲ ಬಾಗಿಲುಗಳೂ ತಾವಾಗಿ ತೆರೆದುಕೊಳ್ಳುತ್ತವೆಂದು ಹೇಳುವವರಿದ್ದಾರೆ. ಬಾಲೂ ಅವರ ಜೀವನವು ಆ ಮಾತನ್ನು ಪೂರ್ತಿಯಾಗಿ ಒಪ್ಪುವುದಿಲ್ಲ. ಪ್ರತಿಭೆ ಅವರನ್ನು ಮೈದಾನದೊಳಕ್ಕೆ ಕರೆತಂದಿತು. ಪಿಂಗಾಣಿ ಬಟ್ಟಲನ್ನಾಗಲಿ, ನಾಯಕತ್ವವನ್ನಾಗಲಿ ಕೊಡಿಸಲಿಲ್ಲ. ಅದಕ್ಕೆ ರಾನಡೆಯವರಂಥ ಹಿರಿಯರು ಬುದ್ಧಿ ಹೇಳಬೇಕಾಯಿತು, ತಮ್ಮಂದಿರು ಆಟವನ್ನೇ ತ್ಯಜಿಸಿ ನಿಲ್ಲಬೇಕಾಯಿತು, ಪೈ ಅವರಂಥವರು ತಮ್ಮ ಸ್ಥಾನದಿಂದ ಪಕ್ಕಕ್ಕೆ ಸರಿಯಬೇಕಾಯಿತು. ಯೋಗ್ಯತೆಯನ್ನು ಗಳಿಸುವುದು ಒಬ್ಬನ ಕರ್ತವ್ಯ. ಯೋಗ್ಯನಿಗೆ ಸಲ್ಲಬೇಕಾದುದನ್ನು ಸಲ್ಲಿಸುವುದು ಎಲ್ಲರ ಕರ್ತವ್ಯ. ಧಾರವಾಡದಲ್ಲಿ ಹುಟ್ಟಿದ ಈ ಆಟಗಾರನು ತನ್ನ ಪಾಲಿನ ಕರ್ತವ್ಯವನ್ನು ಲೋಪವಿಲ್ಲದೆ ನೆರವೇರಿಸಿದನು.