ಪ್ಲೇಗ್ ಬಂದಾಗ ಊರು ಬಿಡದ ತಿಲಕರು: ಸದಾಶಿವ ಪೇಠದ ಮರೆತುಹೋದ ಅಧ್ಯಾಯ

ಬಾಲಗಂಗಾಧರ ತಿಲಕ್ ಎಂದ ಕೂಡಲೇ ನಮಗೆ ನೆನಪಾಗುವುದು ಸಾರ್ವಜನಿಕ ಗಣೇಶೋತ್ಸವ, ಕೇಸರಿ ಪತ್ರಿಕೆ ಮತ್ತು ಸ್ವರಾಜ್ಯದ ಕೂಗು. ಆದರೆ ಅವರ ಬದುಕಿನಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ಅಧ್ಯಾಯವಿದೆ. 1897ರಲ್ಲಿ ಪುಣೆಗೆ ಪ್ಲೇಗ್ ಮಹಾಮಾರಿ ಅಪ್ಪಳಿಸಿದಾಗ ಅನುಕೂಲಸ್ಥರು ಊರು ಬಿಟ್ಟು ಹೊರಟರು. ತಿಲಕರು ಉಳಿದರು. ಆಸ್ಪತ್ರೆ ತೆರೆದರು, ಸರ್ಕಾರವನ್ನು ಪ್ರಶ್ನಿಸಿದರು, ಅದೇ ವರ್ಷ ಜೈಲಿಗೂ ಹೋದರು. ಆರು ವರ್ಷಗಳ ಬಳಿಕ ಅದೇ ಪ್ಲೇಗ್ ಅವರ ಹಿರಿಯ ಮಗನನ್ನು ಬಲಿ ತೆಗೆದುಕೊಂಡಿತು.

2020ರಲ್ಲಿ ಕೋವಿಡ್ ಬಂದಾಗ ನಾವೆಲ್ಲ ಪದೇ ಪದೇ ಕೇಳಿದ ಸಾಂಕ್ರಾಮಿಕ ರೋಗಗಳ ಕಾಯ್ದೆ ಹುಟ್ಟಿದ್ದು ಇದೇ ಪ್ಲೇಗ್ ಕಾಲದಲ್ಲಿ. ಆ ಕಾಯ್ದೆಯ ಮೊದಲ ಬಿಸಿ ಉಂಡ ಊರುಗಳಲ್ಲಿ ಪುಣೆಯೂ ಒಂದು.

ರತ್ನಾಗಿರಿಯಿಂದ ಪುಣೆಗೆ

ತಿಲಕರು ಹುಟ್ಟಿದ್ದು 1856ರ ಜುಲೈ 23ರಂದು ರತ್ನಾಗಿರಿಯಲ್ಲಿ. ತಂದೆ ಗಂಗಾಧರಪಂತರು ಶಾಲಾ ಶಿಕ್ಷಕರು, ಸಂಸ್ಕೃತ ಬಲ್ಲವರು. ತಂದೆಗೆ ವರ್ಗವಾದ್ದರಿಂದ ಹತ್ತರ ವಯಸ್ಸಿನಲ್ಲಿ ಬಾಲಕ ಪುಣೆಗೆ ಬಂದ. ಸ್ವಲ್ಪ ದಿನಗಳಲ್ಲೇ ತಾಯಿ ತೀರಿಕೊಂಡರು. ಹದಿನಾರರ ವಯಸ್ಸಿನಲ್ಲಿ ತಂದೆಯೂ ಇಲ್ಲವಾದರು.

ಡೆಕ್ಕನ್ ಕಾಲೇಜಿನಲ್ಲಿ ಗಣಿತ ಓದಿ ಪದವಿ ಪಡೆದ ತಿಲಕರು ಬಳಿಕ ಕಾನೂನು ಓದಿದರು. ಆದರೆ ಸರ್ಕಾರಿ ನೌಕರಿಯ ಕಡೆ ಹೋಗಲಿಲ್ಲ. ಗೆಳೆಯರೊಂದಿಗೆ ಸೇರಿ 1880ರಲ್ಲಿ ನ್ಯೂ ಇಂಗ್ಲಿಷ್ ಸ್ಕೂಲ್ ಆರಂಭಿಸಿದರು. ಮರುವರ್ಷ ಮರಾಠಿಯಲ್ಲಿ ಕೇಸರಿ, ಇಂಗ್ಲಿಷ್‌ನಲ್ಲಿ ಮರಾಠಾ ಪತ್ರಿಕೆಗಳು ಶುರುವಾದವು. 1890ರಲ್ಲಿ ಡೆಕ್ಕನ್ ಎಜುಕೇಷನ್ ಸೊಸೈಟಿಯಿಂದ ಹೊರಬಂದ ಮೇಲೆ ಪತ್ರಿಕೆ ಮತ್ತು ರಾಜಕೀಯವೇ ಅವರ ಬದುಕಾಯಿತು.

ಆ ದಿನಗಳಲ್ಲಿ ಅವರ ವಾಸ ಸದಾಶಿವ ಪೇಠದ ವಿಂಚೂರಕರ್ ವಾಡೆಯಲ್ಲಿ. ಪಾಣಿಪತ್ ಯುದ್ಧದಲ್ಲಿ ಮಡಿದ ಸದಾಶಿವರಾವ್ ಭಾವು ಅವರ ಹೆಸರು ಹೊತ್ತ ಈ ಬಡಾವಣೆ ಪೇಶ್ವೆಗಳ ಕಾಲದ್ದು. ಇಂದು ಅಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರದ್ದೇ ಸಂತೆ. ಅಂದು ಒತ್ತೊತ್ತಾದ ವಾಡೆಗಳು, ನಡುವೆ ಅಂಗಳ, ಕಿರಿದಾದ ಓಣಿಗಳು, ಮನೆಯೊಳಗೇ ಧಾನ್ಯದ ದಾಸ್ತಾನು. ಅಂದರೆ ಇಲಿಗಳಿಗೆ ಹೇಳಿ ಮಾಡಿಸಿದ ಜಾಗ.

ಯಾರಿಗೂ ತಿಳಿಯದ ಗುಟ್ಟು

1896ರ ಸೆಪ್ಟೆಂಬರ್‌ನಲ್ಲಿ ಮುಂಬೈನ ಮಾಂಡ್ವಿಯಲ್ಲಿ ಪ್ಲೇಗ್ ಪತ್ತೆಯಾಯಿತು. ವಿಪರೀತ ಜ್ವರ, ಕಂಕುಳಲ್ಲೋ ತೊಡೆಸಂದಿಯಲ್ಲೋ ಗಡ್ಡೆ, ಕೆಲವೇ ದಿನಗಳಲ್ಲಿ ಸಾವು. ಮುಂಬೈ ಬಿಟ್ಟು ಹೊರಟವರ ಜೊತೆ ರೋಗವೂ ರೈಲು ಹತ್ತಿತು. 1897ರ ಆರಂಭದಲ್ಲಿ ಪುಣೆಯಲ್ಲಿ ಸಾವುಗಳು ಏರತೊಡಗಿದವು.

ಪ್ಲೇಗ್ ರೋಗಾಣು 1894ರಲ್ಲೇ ಹಾಂಗ್‌ಕಾಂಗ್‌ನಲ್ಲಿ ಪತ್ತೆಯಾಗಿತ್ತು. ಆದರೆ ಅದು ಮನುಷ್ಯನ ಮೈ ಸೇರುವುದು ಹೇಗೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಪ್ಲೇಗ್ ಮೂಲತಃ ಇಲಿಗಳ ಕಾಯಿಲೆ. ಇಲಿಯ ಮೈಮೇಲಿನ ಚಿಗಟ ರೋಗಾಣುವನ್ನು ಹೊತ್ತಿರುತ್ತದೆ. ಇಲಿ ಸತ್ತು ಮೈ ತಣ್ಣಗಾದಾಗ ಹಸಿದ ಚಿಗಟ ಹತ್ತಿರದ ಮನುಷ್ಯನನ್ನು ಕಚ್ಚುತ್ತದೆ. ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮಂಡ್ ಇದನ್ನು ಹೇಳಿದ್ದು 1898ರಲ್ಲಿ. ವಿಜ್ಞಾನಿಗಳೆಲ್ಲ ಒಪ್ಪಿಕೊಳ್ಳಲು ಇನ್ನೂ ಕೆಲವು ವರ್ಷ ಬೇಕಾದವು.

ಹಾಗಾಗಿ 1897ರಲ್ಲಿ ಆಡಳಿತ ಹೋರಾಡಿದ್ದು ಕೊಳೆ, ಗಾಳಿ, ಬಟ್ಟೆಬರೆ ಮತ್ತು ಮನುಷ್ಯರ ವಿರುದ್ಧ. ನಿಜವಾದ ವಾಹಕ ಗೋಡೆಯ ಬಿಲದೊಳಗೆ ಸುರಕ್ಷಿತವಾಗಿತ್ತು.

ಮನೆ ಬಾಗಿಲಿಗೆ ಬಂದ ಸೈನಿಕರು

1897ರ ಫೆಬ್ರವರಿ 4ರಂದು ಸಾಂಕ್ರಾಮಿಕ ರೋಗಗಳ ಕಾಯ್ದೆ ಜಾರಿಗೆ ಬಂತು. ಮನೆಗೆ ನುಗ್ಗಿ ತಪಾಸಣೆ ಮಾಡುವುದು, ರೋಗಿಗಳನ್ನು ಪ್ರತ್ಯೇಕಿಸುವುದು, ಪ್ರಯಾಣಿಕರನ್ನು ತಡೆಯುವುದು ಹೀಗೆ ಅಧಿಕಾರಿಗಳ ಕೈಗೆ ಭಾರೀ ಅಧಿಕಾರ ಸಿಕ್ಕಿತು. ಪುಣೆಯಲ್ಲಿ ಈ ಕೆಲಸದ ಹೊಣೆ ಬಿದ್ದದ್ದು ವಾಲ್ಟರ್ ಚಾರ್ಲ್ಸ್ ರ‍್ಯಾಂಡ್ ಎಂಬ ಐಸಿಎಸ್ ಅಧಿಕಾರಿಗೆ.

ರ‍್ಯಾಂಡ್ ಸೈನ್ಯವನ್ನು ಕರೆಸಿದರು. ಮಾರ್ಚ್‌ನಿಂದ ಮೇವರೆಗೆ ಸೈನಿಕರ ತಂಡಗಳು ಪೇಠೆ ಪೇಠೆಯಲ್ಲಿ ಮನೆ ತಪಾಸಣೆ ನಡೆಸಿದವು. ಅಡುಗೆಮನೆ, ದೇವರಕೋಣೆ ಯಾವುದನ್ನೂ ಬಿಡಲಿಲ್ಲ. ರೋಗಿ ಸಿಕ್ಕರೆ ಆಸ್ಪತ್ರೆಗೆ, ಮನೆಯವರು ಪ್ರತ್ಯೇಕ ಶಿಬಿರಕ್ಕೆ. ನೆಲ ಅಗೆದು, ಸುಣ್ಣ ಬಳಿದು, ಹಾಸಿಗೆ ಬಟ್ಟೆಗಳನ್ನು ಸುಟ್ಟರು.

ರೋಗಿಗಳನ್ನು ಬೇಗ ಗುರುತಿಸಬೇಕು, ಬೇರೆ ಇಡಬೇಕು ಎಂಬುದು ತಪ್ಪಲ್ಲ. ಆದರೆ ಬೂಟುಗಾಲಿನ ಸೈನಿಕರು ಒಳಮನೆಗೆ ನುಗ್ಗಿದಾಗ, ಹೆಂಗಸರನ್ನು ಅಪರಿಚಿತರ ಎದುರು ನಿಲ್ಲಿಸಿದಾಗ ಜನ ಮಾಡಿದ್ದೇನು? ರೋಗಿಗಳನ್ನು ಬಚ್ಚಿಟ್ಟರು. ಹೆಣಗಳನ್ನು ಗುಟ್ಟಾಗಿ ಸಾಗಿಸಿದರು. ರಾತ್ರೋರಾತ್ರಿ ಊರು ಬಿಟ್ಟರು. ರೋಗಕ್ಕೆ ಇದಕ್ಕಿಂತ ಹೆಚ್ಚಿನ ಸಹಾಯ ಬೇಕಿರಲಿಲ್ಲ.

ಟೀಕೆಯೂ ಸರಿ, ಆಸ್ಪತ್ರೆಯೂ ಬೇಕು

ತಿಲಕರು ಕೇಸರಿಯಲ್ಲಿ ಈ ದಬ್ಬಾಳಿಕೆಯನ್ನು ಕಟುವಾಗಿ ಖಂಡಿಸಿದರು. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. ಕಷ್ಟಕಾಲದಲ್ಲಿ ಜನರನ್ನು ಬಿಟ್ಟು ಓಡಿದ ಊರಿನ ಮುಖಂಡರನ್ನೂ ಟೀಕಿಸಿದರು. ಸರ್ಕಾರಿ ಆಸ್ಪತ್ರೆಗೆ ಹೋಗಲು ಜನ ಹೆದರುತ್ತಿದ್ದರು. ಅಲ್ಲಿನ ಊಟ, ನೀರು, ಜಾತಿಯ ಮಡಿ ಎಲ್ಲವೂ ಅವರಿಗೆ ದೊಡ್ಡ ಪ್ರಶ್ನೆಯಾಗಿತ್ತು. ಆಗ ತಿಲಕರು ದೇಣಿಗೆ ಎತ್ತಿ ಹಿಂದೂ ಪ್ಲೇಗ್ ಆಸ್ಪತ್ರೆ ತೆರೆಯಲು ಮುಂದಾದರು. ಪ್ರತಿದಿನ ಅಲ್ಲಿಗೆ ಹೋಗಿ ರೋಗಿಗಳನ್ನು ನೋಡುತ್ತಿದ್ದರು. ಪ್ರತ್ಯೇಕ ಶಿಬಿರದಲ್ಲಿದ್ದವರಿಗೆ ಉಚಿತ ಊಟದ ವ್ಯವಸ್ಥೆ ಮಾಡಿಸಿದರು. ತಪಾಸಣಾ ತಂಡಗಳ ಜೊತೆ ಸ್ವಯಂಸೇವಕರಾಗಿ ತಾವೂ ನಡೆದರು.

ಒಂದು ಸಮುದಾಯಕ್ಕೆಂದೇ ಆಸ್ಪತ್ರೆ ಎಂಬುದು ಇಂದಿನ ಕಣ್ಣಿಗೆ ಸರಿ ಕಾಣದಿರಬಹುದು. ಆದರೆ ಮನೆಯ ಮೂಲೆಯಲ್ಲಿ ಬಚ್ಚಿಟ್ಟಿದ್ದ ರೋಗಿ ಹೊರಬಂದು ಚಿಕಿತ್ಸೆ ಪಡೆಯಲು ಆ ಹೊತ್ತಿಗೆ ಅದೊಂದು ದಾರಿಯಾಯಿತು.

ಇದೇ ಪ್ಲೇಗ್‌ನಲ್ಲಿ ಪುಣೆ ಇನ್ನೊಬ್ಬ ದೊಡ್ಡ ಚೇತನವನ್ನು ಕಳೆದುಕೊಂಡಿತು. ಹಡಪ್ಸರದ ಬಳಿ ಮಗ ಡಾ. ಯಶವಂತರ ಚಿಕಿತ್ಸಾಲಯದಲ್ಲಿ ರೋಗಿಗಳ ಸೇವೆಗೆ ನಿಂತಿದ್ದ ಸಾವಿತ್ರಿಬಾಯಿ ಫುಲೆ, ಕಾಯಿಲೆ ಬಿದ್ದ ಬಾಲಕನೊಬ್ಬನನ್ನು ಹೊತ್ತು ತಂದು ತಾವೂ ಸೋಂಕಿಗೆ ಒಳಗಾದರು. 1897ರ ಮಾರ್ಚ್ 10ರಂದು ತೀರಿಕೊಂಡರು. ಸಾಮಾಜಿಕ ವಿಚಾರಗಳಲ್ಲಿ ತಿಲಕರದ್ದು ಮತ್ತು ಫುಲೆ ಬಳಗದ್ದು ಬೇರೆ ಬೇರೆ ದಾರಿ. ಆದರೆ ಪ್ಲೇಗ್ ಬಂದಾಗ ಇಬ್ಬರೂ ಊರು ಬಿಡಲಿಲ್ಲ.

ಗುಂಡು, ಕೋರ್ಟು, ಜೈಲು

ಬೇಸಿಗೆಯ ಹೊತ್ತಿಗೆ ಪ್ಲೇಗ್ ತಗ್ಗಿತು. ಜನರ ಸಿಟ್ಟು ತಗ್ಗಲಿಲ್ಲ. 1897ರ ಜೂನ್ 22ರ ರಾತ್ರಿ, ವಿಕ್ಟೋರಿಯಾ ರಾಣಿಯ ವಜ್ರ ಮಹೋತ್ಸವದ ಸಮಾರಂಭ ಮುಗಿಸಿ ಹೊರಟಿದ್ದ ರ‍್ಯಾಂಡ್ ಮತ್ತು ಲೆಫ್ಟಿನೆಂಟ್ ಆಯರ್ಸ್ಟ್ ಮೇಲೆ ಗಣೇಶಖಿಂಡ್ ರಸ್ತೆಯಲ್ಲಿ ಚಾಪೇಕರ್ ಸೋದರರು ಗುಂಡು ಹಾರಿಸಿದರು. ಆಯರ್ಸ್ಟ್ ಸ್ಥಳದಲ್ಲೇ ಸತ್ತರು. ರ‍್ಯಾಂಡ್ ಜುಲೈ 3ರಂದು ಪ್ರಾಣಬಿಟ್ಟರು.

ಈ ಹತ್ಯೆಯಲ್ಲಿ ತಿಲಕರ ಪಾತ್ರವಿತ್ತು ಎಂಬ ಆರೋಪ ಸಾಬೀತಾಗಲಿಲ್ಲ. ಆದರೆ ಹತ್ಯೆಗೆ ಒಂದು ವಾರ ಮೊದಲು ಕೇಸರಿಯಲ್ಲಿ ಬಂದ ಬರಹಗಳನ್ನು ಮುಂದಿಟ್ಟು ರಾಜದ್ರೋಹದ ಮೊಕದ್ದಮೆ ಹೂಡಲಾಯಿತು. ಜುಲೈ 27ರಂದು ಬಂಧನವಾಯಿತು. ಸೆಪ್ಟೆಂಬರ್‌ನಲ್ಲಿ 18 ತಿಂಗಳ ಕಠಿಣ ಶಿಕ್ಷೆ. ಜರ್ಮನ್ ಮೂಲದ ವಿದ್ವಾಂಸ ಮ್ಯಾಕ್ಸ್ ಮುಲ್ಲರ್ ಸೇರಿದಂತೆ ಹಲವರು ಬಿಡುಗಡೆಗೆ ಮನವಿ ಮಾಡಿದರು. ಅವಧಿಗೆ ಮುನ್ನವೇ, 1898ರ ಸೆಪ್ಟೆಂಬರ್‌ನಲ್ಲಿ ತಿಲಕರು ಹೊರಬಂದರು. ಅಷ್ಟರಲ್ಲಿ ಅವರು ಇಡೀ ದೇಶದ ಲೋಕಮಾನ್ಯರಾಗಿದ್ದರು.

ಕರ್ನಾಟಕಕ್ಕೂ ಬಂತು ಮಹಾಮಾರಿ

ಅವರು ಜೈಲಿನಲ್ಲಿದ್ದಾಗಲೇ ಪ್ಲೇಗ್ ಕನ್ನಡ ನಾಡಿಗೂ ಕಾಲಿಟ್ಟಿತ್ತು. ಹುಬ್ಬಳ್ಳಿ ತತ್ತರಿಸಿತು. ಅಲ್ಲಿಂದ ರೈಲಿನ ಮೂಲಕ 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಹಬ್ಬಿತು. ಮೈಸೂರು ಸಂಸ್ಥಾನದಲ್ಲೂ ಬಲವಂತದ ಕ್ರಮಗಳಿಗೆ ವಿರೋಧ ಎದ್ದಿತು. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಗಲಭೆಯೇ ಆಯಿತು.

ಆದರೆ ಹುಬ್ಬಳ್ಳಿಯಲ್ಲಿ ಇನ್ನೊಂದು ಬಗೆಯ ಅನುಭವವೂ ಆಯಿತು. ವಿಜ್ಞಾನಿ ಹಾಫ್‌ಕಿನ್ ಮುಂಬೈನಲ್ಲಿ ಕಂಡುಹಿಡಿದು 1897ರ ಜನವರಿಯಲ್ಲಿ ಮೊದಲು ತಮ್ಮ ಮೈಮೇಲೇ ಪ್ರಯೋಗಿಸಿಕೊಂಡಿದ್ದ ಲಸಿಕೆಯನ್ನು ಅಲ್ಲಿ ಸಾವಿರಾರು ಜನ ಹಾಕಿಸಿಕೊಂಡರು. ಬೆಂಗಳೂರಿನಲ್ಲಿ ಇಕ್ಕಟ್ಟಿನ ಪೇಟೆಯಿಂದ ಜನರನ್ನು ಹೊರತರಲು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಎದ್ದವು. ನಮ್ಮ ಹಳ್ಳಿಗಳ ಜನ ಅನುಭವದಿಂದಲೇ ಒಂದು ಪಾಠ ಕಲಿತರು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಕಾಯಬೇಡಿ, ಊರಾಚೆ ಗುಡಿಸಲು ಹಾಕಿಕೊಳ್ಳಿ. ವಿಜ್ಞಾನ ಕೊನೆಗೆ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ.

ಮಗನನ್ನು ಕಳೆದುಕೊಂಡ ತಂದೆ

ಪ್ಲೇಗ್ ಪುಣೆಗೆ ಮತ್ತೆ ಮತ್ತೆ ಮರಳಿ ಬಂತು. 1903ರಲ್ಲಿ ತಿಲಕರ ಹಿರಿಯ ಮಗ ವಿಶ್ವನಾಥ ಅದಕ್ಕೆ ತುತ್ತಾದ. ಊರಿನ ರೋಗಿಗಳಿಗಾಗಿ ಆಸ್ಪತ್ರೆ ತೆರೆದವರಿಗೆ ತಮ್ಮ ಮಗನನ್ನು ಉಳಿಸಿಕೊಳ್ಳಲಾಗಲಿಲ್ಲ. ಆಗ ಅವರು ತಾಯಿ ಮಹಾರಾಜ್ ಪ್ರಕರಣ ಎಂಬ ದೀರ್ಘ ಕಾನೂನು ಹೋರಾಟದ ನಡುವೆ ಇದ್ದರು. ವೇದಗಳ ಬಗೆಗಿನ ಅವರ ಪುಸ್ತಕ ಹೊರಬಂದದ್ದೂ ಅದೇ ವರ್ಷ. ದುಃಖ ನುಂಗಿಕೊಂಡು ಕೆಲಸ ಮುಂದುವರಿಸಿದರು.

1905ರಲ್ಲಿ ನಾರಾಯಣ ಪೇಠದ ಗಾಯಕವಾಡ ವಾಡೆಗೆ ಮನೆ ಬದಲಾಯಿತು. 1908ರಲ್ಲಿ ಮತ್ತೆ ರಾಜದ್ರೋಹದ ಆರೋಪ, ಮಂಡಾಲೆಯಲ್ಲಿ ಆರು ವರ್ಷಗಳ ಸೆರೆವಾಸ. ಅಲ್ಲಿರುವಾಗಲೇ ಪತ್ನಿ ಸತ್ಯಭಾಮಾಬಾಯಿ ತೀರಿಕೊಂಡರು. 1916ರಲ್ಲಿ ಬೆಳಗಾವಿಯಲ್ಲಿ ಹೋಂ ರೂಲ್ ಲೀಗ್ ಕಟ್ಟಿದರು. 1920ರ ಆಗಸ್ಟ್ 1ರಂದು ಮುಂಬೈನಲ್ಲಿ ಕೊನೆಯುಸಿರೆಳೆದರು.

ಪ್ಲೇಗ್ ಈ ದೇಶದಲ್ಲಿ ಒಟ್ಟಾರೆ ಒಂದು ಕೋಟಿಗೂ ಹೆಚ್ಚು ಜನರನ್ನು ಕೊಂದಿತು. ಮುಂದಿನ ವರ್ಷಗಳಲ್ಲಿ ಸರ್ಕಾರವೂ ಸೈನಿಕರ ತಪಾಸಣೆ ಬಿಟ್ಟು ಲಸಿಕೆ, ಸ್ವಇಚ್ಛೆಯ ಸ್ಥಳಾಂತರ, ಇಲಿ ನಿಯಂತ್ರಣದ ಕಡೆ ತಿರುಗಿತು. ಜನರ ನಂಬಿಕೆ ಇಲ್ಲದೆ ಯಾವ ಕಾಯ್ದೆಯೂ ರೋಗ ತಡೆಯದು ಎಂಬುದನ್ನು ಅದು ಕಲಿಯಲು ಬಹಳ ಬೆಲೆ ತೆರಬೇಕಾಯಿತು. ನಮ್ಮಲ್ಲಿ ಗಣೇಶೋತ್ಸವ ಬಂದಾಗಲೆಲ್ಲ ತಿಲಕರನ್ನು ನೆನೆಯುತ್ತೇವೆ. ಮುಂದಿನ ಬಾರಿ ನೆನೆಯುವಾಗ, ಖಾಲಿಯಾಗುತ್ತಿದ್ದ ಊರಿನಲ್ಲಿ ಪ್ಲೇಗ್ ಆಸ್ಪತ್ರೆಯ ಕಡೆ ದಿನವೂ ನಡೆದುಹೋಗುತ್ತಿದ್ದ ಆ ಮನುಷ್ಯನನ್ನೂ ನೆನೆಯೋಣ.