ಶೇತ್‌ಸನದಿ ರಾಯಣ್ಣ ಕಲಿಸಿದ ಪಾಠ

ಬೆಳಗಾವಿ, ಧಾರವಾಡ ಸೀಮೆಯ ಹಳೆಯ ಕಂದಾಯ ದಾಖಲೆಗಳನ್ನು ತಿರುವಿ ಹಾಕಿದವರಿಗೆ ಶೇತ್‌ಸನದಿ ಎಂಬ ಪದ ಅಪರಿಚಿತವಲ್ಲ. ಸರ್ಕಾರಿ ಸೇವೆಯಲ್ಲಿದ್ದ ಮೂರು ದಶಕಗಳಲ್ಲಿ ಇನಾಮು ಜಮೀನುಗಳ ಕಡತ ನೋಡುವಾಗ ನನಗೂ ಅದು ಹಲವು ಬಾರಿ ಎದುರಾಗಿತ್ತು. ಶೇತ್ ಎಂದರೆ ಹೊಲ, ಸನದು ಎಂದರೆ ಅಧಿಕಾರಪತ್ರ. ಊರಿನ ಕಾವಲು, ಕಂದಾಯದ ಹಣದ ರಕ್ಷಣೆ, ಕರೆ ಬಂದಾಗ ಕೋಟೆಯ ಪಹರೆ. ಇಷ್ಟು ಕೆಲಸಗಳಿಗೆ ಪ್ರತಿಯಾಗಿ ನಗದು ಸಂಬಳದ ಬದಲು ಹೊಲ ಪಡೆದವನೇ ಶೇತ್‌ಸನದಿ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಆತ ಗ್ರಾಮದ ಪೊಲೀಸ್. ಸಂಗೊಳ್ಳಿ ರಾಯಣ್ಣ ಇಂತಹ ಒಬ್ಬ ಶೇತ್‌ಸನದಿಯಾಗಿದ್ದ.

ರಾಯಣ್ಣನನ್ನು ನಾವು ಬಂಡಾಯಗಾರನೆಂದು, ಹುತಾತ್ಮನೆಂದು, ಲಾವಣಿಗಳ ನಾಯಕನೆಂದು ನೆನೆಯುತ್ತೇವೆ. ಬೆಂಗಳೂರಿನ ಕೇಂದ್ರ ರೈಲು ನಿಲ್ದಾಣಕ್ಕೆ ಅವನ ಹೆಸರಿಟ್ಟಿದ್ದೇವೆ. ಆದರೆ ಅವನ ಕಸುಬು ಯಾವುದಿತ್ತು ಎಂಬ ಪ್ರಶ್ನೆಯನ್ನು ಅಷ್ಟಾಗಿ ಕೇಳಿದವರಿಲ್ಲ. ಅವನನ್ನು ಗಲ್ಲಿಗೇರಿಸಿದ ನಂದಗಡ ಇರುವುದು ಖಾನಾಪುರ ತಾಲ್ಲೂಕಿನಲ್ಲಿ. ಅದೇ ಖಾನಾಪುರದಲ್ಲಿ ಇಂದು ರಾಜ್ಯದ ಪೊಲೀಸ್ ತರಬೇತಿ ಶಾಲೆಯೊಂದಿದೆ. ಕವಾಯತು, ಬಂದೂಕು, ಕಾನೂನು, ಗುಂಪು ನಿಯಂತ್ರಣ ಇವೆಲ್ಲವನ್ನೂ ಕಲಿಸುವ ಬೋಧಕರು ಅಲ್ಲಿದ್ದಾರೆ. ಕಾರ್ಯಾಚರಣೆಯ ಕೌಶಲವನ್ನು ಸಾಮಾನ್ಯರಿಗೆ ಕಲಿಸಿದ ಬೋಧಕನೊಬ್ಬ ಎರಡು ಶತಮಾನಗಳ ಹಿಂದೆ ಇದೇ ನೆಲದಲ್ಲಿ ಓಡಾಡಿದ್ದ ಎಂಬುದನ್ನು ಗಮನಿಸಿದರೆ ಅವನ ಬದುಕು ಬೇರೆಯದೇ ಅರ್ಥ ಪಡೆಯುತ್ತದೆ.

ಮಲಪ್ರಭೆಯ ದಡದ ಸಂಗೊಳ್ಳಿ ಅವನ ಊರು. ತಂದೆ ಭರಮಪ್ಪ, ತಾಯಿ ಕೆಂಚವ್ವ. 1798ರ ಆಗಸ್ಟ್ 15ನ್ನು ಅವನ ಜನ್ಮದಿನವೆಂದು ಆಚರಿಸಲಾಗುತ್ತದೆ. ಕುರುಬ ಸಮುದಾಯದ ಈ ಹುಡುಗ ಊರ ಗರಡಿಮನೆಯಲ್ಲಿ ಮೈ ಹುರಿಗೊಳಿಸಿಕೊಂಡನೆಂದು ಜನಪದ ಹೇಳುತ್ತದೆ. ಆದರೆ ಶೇತ್‌ಸನದಿಯ ನಿಜವಾದ ಶಿಕ್ಷಣ ನಡೆಯುತ್ತಿದ್ದುದು ಗರಡಿಯ ಹೊರಗೆ. ಯಾವ ಹಳ್ಳ ಯಾವ ತಿಂಗಳಲ್ಲಿ ದಾಟಲು ಬರುತ್ತದೆ, ಯಾವ ಕಾಲುದಾರಿ ಯಾವ ಊರಿನ ಹಿತ್ತಲಿಗೆ ತಲುಪುತ್ತದೆ, ಸಂತೆಯ ದಿನ ಹೊಸಬರು ಯಾರು ಬಂದರು, ಯಾರ ಮನೆಯಲ್ಲಿ ಯಾರೊಡನೆ ವೈಮನಸ್ಯವಿದೆ ಎಂಬುದೆಲ್ಲ ತಿಳಿಯದಿದ್ದರೆ ಆ ಕೆಲಸ ನಡೆಯುತ್ತಿರಲಿಲ್ಲ. ಈ ವಿದ್ಯೆಗೆ ಪಠ್ಯಪುಸ್ತಕವಿರಲಿಲ್ಲ. ತಂದೆಯಿಂದ ಮಗನಿಗೆ, ಹಿರಿಯನಿಂದ ಕಿರಿಯನಿಗೆ ಅದು ನಡೆದೇ ಬರುತ್ತಿತ್ತು.

ರಾಯಣ್ಣನ ಯೌವನ ಕಂಡ ಕಾಲ ಕೋಟೆಗಳು ಉರುಳಿದ ಕಾಲ. 13ನೆಯ ಶತಮಾನದ ಆರಂಭದಲ್ಲಿ ರಟ್ಟರು ಕಟ್ಟಿಸಿದ ಬೆಳಗಾವಿ ಕೋಟೆ, ಕಂದಕ ಮತ್ತು ದಪ್ಪ ಗೋಡೆಗಳಿದ್ದೂ 1818ರ ಏಪ್ರಿಲ್‌ನಲ್ಲಿ ಸುಮಾರು ಮೂರು ವಾರಗಳ ಮುತ್ತಿಗೆಯ ಬಳಿಕ ಥಾಮಸ್ ಮನ್ರೋನ ವಶವಾಯಿತು. ಕಿತ್ತೂರು ಸಂಸ್ಥಾನ ಅಂದು ಕಂಪನಿಯ ಪರವಾಗಿಯೇ ಇತ್ತೆಂಬುದು ಇತಿಹಾಸದ ವ್ಯಂಗ್ಯ. ಆರೇ ವರ್ಷಗಳಲ್ಲಿ ಪರಿಸ್ಥಿತಿ ಬದಲಾಯಿತು. 1824ರಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರ ಸರ್ಜ ಮಕ್ಕಳಿಲ್ಲದೆ ತೀರಿಕೊಂಡಾಗ ದತ್ತು ಪುತ್ರ ಶಿವಲಿಂಗಪ್ಪನನ್ನು ಕಂಪನಿ ಒಪ್ಪಲಿಲ್ಲ. ಅಕ್ಟೋಬರ್ 23ರಂದು ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದ. ಆದರೆ ಡಿಸೆಂಬರ್ ಆರಂಭದಲ್ಲಿ ಕಂಪನಿ ದೊಡ್ಡ ಸೈನ್ಯ ಮತ್ತು ಫಿರಂಗಿಗಳೊಡನೆ ಮರಳಿತು. ಕೆಲವೇ ದಿನಗಳಲ್ಲಿ ಕಿತ್ತೂರು ಕೋಟೆ ಬಿತ್ತು. ರಾಣಿ ಚನ್ನಮ್ಮ ಬೈಲಹೊಂಗಲದಲ್ಲಿ ಬಂಧಿಯಾದರು.

ಈ ಹೋರಾಟದಲ್ಲಿ ಪಾಲ್ಗೊಂಡಿದ್ದ ರಾಯಣ್ಣ ಸೆರೆಯಾಗಿ, ನಂತರ ಬಿಡುಗಡೆಗೊಂಡ. ಅಕ್ಟೋಬರ್ ಮತ್ತು ಡಿಸೆಂಬರ್‌ಗಳ ನಡುವಿನ ಅಂತರ ಅವನಿಗೆ ಏನನ್ನು ಕಲಿಸಿತೆಂಬುದಕ್ಕೆ ಅವನು ಬರೆದಿಟ್ಟದ್ದು ಏನೂ ಇಲ್ಲ. ಮುಂದಿನ ನಡೆಯೇ ಸಾಕ್ಷಿ. ಮತ್ತೆ ಅವನು ಕೋಟೆಯನ್ನು ನೆಚ್ಚಲಿಲ್ಲ. ಫಿರಂಗಿಯುಳ್ಳ ಶತ್ರುವಿಗೆ ಕೋಟೆ ಎಂದರೆ ನಿಂತ ಗುರಿ. ಕಾಡಿಗೆ ಗುರಿಯಿಡಲು ಬರುವುದಿಲ್ಲ. ಖಾನಾಪುರದಿಂದ ಪಶ್ಚಿಮಕ್ಕೆ ಹಬ್ಬಿದ ಸಹ್ಯಾದ್ರಿಯ ದಟ್ಟ ಅಡವಿಯೇ ಅವನ ಆಸರೆಯಾಯಿತು.

ಇಲ್ಲಿ ಅರ್ಥಶಾಸ್ತ್ರದ ವಿದ್ಯಾರ್ಥಿಯೊಬ್ಬ ನಿಂತು ಯೋಚಿಸಬೇಕಾದ ಸಂಗತಿಯಿದೆ. ಕಂಪನಿ ಸರ್ಕಾರಕ್ಕೆ ಇನಾಮು ಜಮೀನುಗಳು ಕೈತಪ್ಪಿದ ಕಂದಾಯವಾಗಿ ಕಂಡವು. ಲೆಕ್ಕದ ಪುಸ್ತಕದಲ್ಲಿ ಅದು ಸರಿಯೇ. ರಾಯಣ್ಣನ ಜಮೀನಿನ ಬಹುಭಾಗವನ್ನು ಮುಟ್ಟುಗೋಲು ಹಾಕಿಕೊಂಡು, ಉಳಿದದ್ದಕ್ಕೆ ಭಾರಿ ತೆರಿಗೆ ವಿಧಿಸಲಾಯಿತು. ಆದರೆ ಆ ಹೊಲ ದಾನವಾಗಿರಲಿಲ್ಲ, ಸಂಬಳವಾಗಿತ್ತು. ಸಂಬಳವನ್ನು ಉಳಿತಾಯವೆಂದು ಜಮಾ ಮಾಡಿಕೊಂಡ ಆಡಳಿತ, ಅದರೊಂದಿಗೆ ಕಾವಲುಗಾರನನ್ನೂ ಕಳೆದುಕೊಂಡಿತು. ಹಾಗೆ ಉಳಿಸಿದ ಅಲ್ಪ ಕಂದಾಯಕ್ಕಾಗಿ ಪಲ್ಟನ್ನುಗಳನ್ನು ಅಡವಿಗೆ ಅಟ್ಟಬೇಕಾಯಿತು. ವಿಚಿತ್ರವೆಂದರೆ ಇದೇ ಕಾಲದಲ್ಲಿ, 1829ರ ಸೆಪ್ಟೆಂಬರ್‌ನಲ್ಲಿ, ಲಂಡನ್ನಿನಲ್ಲಿ ರಾಬರ್ಟ್ ಪೀಲ್ ಸಂಬಳದ ಹೊಸ ಪೊಲೀಸ್ ಪಡೆಯನ್ನು ಬೀದಿಗಿಳಿಸಿದ್ದ. ತಮ್ಮ ರಾಜಧಾನಿಯಲ್ಲಿ ಜನರ ನಡುವೆ ಓಡಾಡುವ ಪೊಲೀಸನನ್ನು ನೇಮಿಸುತ್ತಿದ್ದವರು, ಇಲ್ಲಿ ಆಗಲೇ ಜನರ ನಡುವೆ ಇದ್ದವನ ಅನ್ನ ಕಸಿಯುತ್ತಿದ್ದರು.

ಅದೇ 1829ರ ಫೆಬ್ರವರಿಯಲ್ಲಿ ರಾಣಿ ಚನ್ನಮ್ಮ ಸೆರೆಯಲ್ಲೇ ನಿಧನರಾದರು. ಶಿವಲಿಂಗಪ್ಪನನ್ನು ಕಿತ್ತೂರಿನ ಗಾದಿಗೆ ತರುವ ಪಣ ತೊಟ್ಟ ರಾಯಣ್ಣ 1830ರ ಜನವರಿ ಆರಂಭದಲ್ಲಿ, ಆಗ ತಾಲ್ಲೂಕು ಕಚೇರಿಯಿದ್ದ ಬೀಡಿಯ ಮೇಲೆ ದಾಳಿ ಮಾಡಿ ಕಚೇರಿಯನ್ನು ಸುಟ್ಟ. ನಂದಗಡ, ಖಾನಾಪುರ, ಸಂಪಗಾವಿ ಸೀಮೆಗಳಿಗೆ ಬಂಡಾಯ ಹಬ್ಬಿತು. ಸರ್ಕಾರಿ ಕಚೇರಿಗಳು, ಖಜಾನೆಗಳು, ಸೈನ್ಯದ ತುಕಡಿಗಳು ಅವನ ಗುರಿಯಾದವು. ಜಮೀನ್ದಾರರಿಂದ ಹಣ ವಸೂಲು ಮಾಡಿ ಪಡೆ ಕಟ್ಟಿದ. ಬಲಾತ್ಕಾರವಿಲ್ಲದ ಹೋರಾಟ ಇದಾಗಿರಲಿಲ್ಲ; ಹಾಗೆಂದು ಚಿತ್ರಿಸುವುದು ಅವನಿಗೆ ಮಾಡುವ ಗೌರವವೂ ಅಲ್ಲ.

ಅವನ ಜೊತೆ ಸೇರಿದವರು ಯಾರು? ಕೆಲಸ ಕಳೆದುಕೊಂಡ ಶೇತ್‌ಸನದಿಗಳು, ರೈತರು, ಕುರಿಗಾಹಿಗಳು. ಜನಪದ ನೆನೆಯುವ ಗಜವೀರನಂತಹ ಸಿದ್ದಿ ಯೋಧರೂ ಇದ್ದರು. ಬಿಚ್ಚುಗತ್ತಿ ಚನ್ನಬಸಪ್ಪ ಆಪ್ತನಾಗಿದ್ದ. ಇವರಲ್ಲಿ ಬಹುತೇಕರು ಶಿಸ್ತಿನ ಸೈನ್ಯದಲ್ಲಿ ಪಳಗಿದವರಲ್ಲ. ಇಂಥವರನ್ನು ಕೆಲವೇ ವಾರಗಳಲ್ಲಿ ಕಂಪನಿಯ ಕಣ್ಣು ತಪ್ಪಿಸಿ ಸಂಚರಿಸುವ ಪಡೆಯಾಗಿ ರೂಪಿಸಿದ್ದು ಬೋಧಕನ ಕೆಲಸವಲ್ಲದೆ ಮತ್ತೇನು? ಬಯಲಿನಲ್ಲಿ ಎದುರು ನಿಲ್ಲಬೇಡ, ಹೊಡೆದ ಜಾಗದಲ್ಲಿ ಉಳಿಯಬೇಡ, ಊರಿನ ಒಲವಿಲ್ಲದೆ ಊರ ದಾರಿ ಹಿಡಿಯಬೇಡ ಎಂಬ ಮೂರು ಪಾಠಗಳು ಆ ದಾಳಿಗಳ ಕ್ರಮದಲ್ಲೇ ಎದ್ದು ಕಾಣುತ್ತವೆ. ನೆಪೋಲಿಯನ್ನನ ವಿರುದ್ಧ 1808ರ ನಂತರ ಸ್ಪೇನಿನ ಜನ ನಡೆಸಿದ ಹೋರಾಟದಿಂದ ಗೆರಿಲ್ಲಾ ಎಂಬ ಪದ ಜಗತ್ತಿಗೆ ಪರಿಚಯವಾಯಿತು. ಸಂಗೊಳ್ಳಿಯ ಶೇತ್‌ಸನದಿಗೆ ಆ ಹೆಸರಿನ ಹಂಗಿರಲಿಲ್ಲ. ಕಳ್ಳನನ್ನು ಹಿಡಿಯಲು ಕಲಿತ ವಿದ್ಯೆಯನ್ನೇ ಅವನು ತಿರುಗಿಸಿ, ಹಿಡಿಯಲು ಬಂದವರಿಂದ ತಪ್ಪಿಸಿಕೊಳ್ಳಲು ಕಲಿಸಿದ.

ಕಂಪನಿಯ ಸೈನ್ಯಕ್ಕೆ ಅವನನ್ನು ಹಿಡಿಯಲಾಗಲಿಲ್ಲ. ಕೊನೆಗೆ ಆಡಳಿತವೂ ಒಂದು ಪಾಠ ಕಲಿಯಿತು. ಅಡವಿ ಬಲ್ಲವನನ್ನು ಹಿಡಿಯಲು ಅಡವಿ ಬಲ್ಲವರೇ ಬೇಕು. ಅಮಲ್ದಾರ ಕೃಷ್ಣರಾಯ ಹಾಗೂ ಸ್ಥಳೀಯ ಗೌಡರು ಸೇರಿ, ಅವನದೇ ಬಳಗದಲ್ಲಿ ನಂಬಿಕಸ್ಥರಂತೆ ನಟಿಸುವವರನ್ನು ಸೇರಿಸಿ ಬಲೆ ಹೆಣೆದರು. 1830ರ ಏಪ್ರಿಲ್‌ನಲ್ಲಿ ಡೋರಿ ಹಳ್ಳದಲ್ಲಿ ಸ್ನಾನಕ್ಕೆಂದು ಆಯುಧ ಕೆಳಗಿಟ್ಟಿದ್ದಾಗ ರಾಯಣ್ಣ ಸೆರೆಸಿಕ್ಕ. ಪಲ್ಟನ್ನು ಮಾಡಲಾಗದ ಕೆಲಸವನ್ನು ಮಾಹಿತಿ ಮಾಡಿತು. ಇದನ್ನು ದ್ರೋಹವೆಂದು ಲಾವಣಿಗಳು ಹಳಿದಿರುವುದು ಸಹಜ. ತರಬೇತಿಯ ದೃಷ್ಟಿಯಿಂದ ನೋಡಿದರೆ, ಹಿಡಿದವರೂ ಹಿಡಿಯಲ್ಪಟ್ಟವನೂ ಒಂದೇ ಶಾಲೆಯಲ್ಲಿ ಕಲಿತವರು. ಆ ಶಾಲೆಯ ಹೆಸರು ಊರು.

ವಿಚಾರಣೆಯ ನಂತರ 1831ರ ಜನವರಿ 26ರಂದು ನಂದಗಡದ ಬಳಿ ಅವನನ್ನು ಗಲ್ಲಿಗೇರಿಸಲಾಯಿತು. ಸಮಾಧಿಯ ಮೇಲೆ ಬಿಚ್ಚುಗತ್ತಿ ಚನ್ನಬಸಪ್ಪ ಆಲದ ಸಸಿ ನೆಟ್ಟನೆಂಬ ನಂಬಿಕೆಯಿದೆ. ಆ ಮರಕ್ಕೆ ಜನ ಇಂದಿಗೂ ಹರಕೆಯ ತೊಟ್ಟಿಲು ಕಟ್ಟುತ್ತಾರೆ. ಸರ್ಕಾರವೊಂದು ಅಪರಾಧಿಯೆಂದು ತೀರ್ಮಾನಿಸಿದವನ ಬಳಿ ತಾಯಂದಿರು ಸಂತಾನಭಾಗ್ಯ ಬೇಡುತ್ತಾರೆಂದರೆ, ಕಾನೂನಿನ ಮತ್ತು ಜನರ ತೀರ್ಪುಗಳ ನಡುವೆ ಎಷ್ಟು ದೊಡ್ಡ ಕಂದಕವಿತ್ತೆಂಬುದನ್ನು ಪೊಲೀಸ್ ಆಡಳಿತದಲ್ಲಿ ಆಸಕ್ತಿಯಿರುವವರು ಚಿಂತಿಸಬೇಕು.

ಆ ಕಂದಕ ಬೇಗ ಮುಚ್ಚಲಿಲ್ಲ. 1857ರ ಬಂಡಾಯದ ನಂತರ ಬಂದ 1861ರ ಪೊಲೀಸ್ ಕಾಯ್ದೆ ದೇಶದ ಬಹುಭಾಗದಲ್ಲಿ ಪೊಲೀಸನನ್ನು ಸರ್ಕಾರದ ಕೈಯಾಗಿ ರೂಪಿಸಿತೇ ಹೊರತು ಊರಿನ ಮಗನಾಗಿ ಅಲ್ಲ. ಸ್ವಾತಂತ್ರ್ಯಾನಂತರ ವಂಶಪಾರಂಪರ್ಯ ಗ್ರಾಮ ಹುದ್ದೆಗಳನ್ನು 1961ರ ಕರ್ನಾಟಕ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಕೊನೆಗೊಳಿಸಿತು. ಅದು ನ್ಯಾಯವಾಗಿಯೇ ಇತ್ತು. ಹುಟ್ಟಿನಿಂದ ಹುದ್ದೆ ನಿರ್ಧಾರವಾಗುವ ಪದ್ಧತಿಗೆ ಪ್ರಜಾಪ್ರಭುತ್ವದಲ್ಲಿ ಸ್ಥಳವಿಲ್ಲ. ಆದರೆ ಹುದ್ದೆಯೊಂದಿಗೆ ಅದು ಹೊತ್ತಿದ್ದ ಜ್ಞಾನವೂ ಚದುರಿಹೋಯಿತು. ಪ್ರತಿ ಪೇದೆಗೂ ಒಂದು ಪ್ರದೇಶದ ಹೊಣೆ ವಹಿಸಿ, ಅಲ್ಲಿನ ನಾಗರಿಕರನ್ನು ಜೊತೆಗೂಡಿಸಿಕೊಳ್ಳುವ ಸುಧಾರಿತ ಬೀಟ್ ವ್ಯವಸ್ಥೆಯನ್ನು ಕರ್ನಾಟಕ 2017ರಲ್ಲಿ ಜಾರಿಗೆ ತಂದದ್ದು, ಒಂದರ್ಥದಲ್ಲಿ, ಕಳೆದುಹೋದ ಆ ಜ್ಞಾನದ ಹುಡುಕಾಟವೇ.

ತರಬೇತಿ ಶಾಲೆಯ ಬೋಧಕನ ಕೆಲಸ ಸುಲಭದ್ದಲ್ಲ. ಲಾಠಿ ಹಿಡಿಯುವುದನ್ನು, ಬಂದೂಕು ಬಿಚ್ಚಿ ಜೋಡಿಸುವುದನ್ನು, ಪಂಚನಾಮೆ ಬರೆಯುವುದನ್ನು ಮೈದಾನದಲ್ಲಿ, ಕೊಠಡಿಯಲ್ಲಿ ಕಲಿಸಬಹುದು. ನೆಲದ ಪರಿಚಯವನ್ನು ಹಾಗೆ ಕಲಿಸಲಾಗದು. ಖಾನಾಪುರದ ಕಾಡಂಚಿನ ಹಳ್ಳಿಗಳಲ್ಲಿ ಕನ್ನಡದ ಜೊತೆ ಮರಾಠಿ, ಕೊಂಕಣಿಗಳೂ ಬಳಕೆಯಲ್ಲಿವೆ. ದೂರದ ಜಿಲ್ಲೆಯಿಂದ ಬಂದ ಯುವ ಪೇದೆಗೆ ಆ ಮಾತು ತಿಳಿಯದಿದ್ದರೆ, ದೂರು ಹೇಳಲು ಬಂದ ಮುದುಕಿಗೆ ಠಾಣೆಯೇ ಒಂದು ಕೋಟೆಯಾಗಿ ಕಾಣುತ್ತದೆ. ಗಡಿಯ ವಿಷಯ ಕಾವೇರಿದ ದಿನಗಳಲ್ಲಿ ಈ ಕೊರತೆಯ ಬೆಲೆ ಇನ್ನೂ ಹೆಚ್ಚು.

ಹಾಗಾಗಿ ನನ್ನದೊಂದು ಸಲಹೆಯಿದೆ. 1830ರ ಆ ನಾಲ್ಕು ತಿಂಗಳನ್ನು ಖಾನಾಪುರದ ಪ್ರಶಿಕ್ಷಣಾರ್ಥಿಗಳು ಜಯಂತಿಯ ಭಾಷಣವಾಗಿ ಅಲ್ಲ, ಪಠ್ಯವಾಗಿ ಓದಲಿ. ಬೀಡಿಯಿಂದ ನಂದಗಡದವರೆಗೆ ಒಂದು ದಿನ ನಡೆದು ನೋಡಲಿ. ಪಡೆ ಕಟ್ಟಿದವನ ಕಡೆಯಿಂದಲೂ ಹಿಡಿಯಹೊರಟವರ ಕಡೆಯಿಂದಲೂ ಆ ಕಾರ್ಯಾಚರಣೆಯನ್ನು ಚರ್ಚಿಸಲಿ. ಜೊತೆಗೆ, ಸಂಬಳ, ವಸತಿ, ವರ್ಗಾವಣೆಗಳ ಕಡತಕ್ಕೆ ಸಹಿ ಹಾಕುವ ಅಧಿಕಾರಿಗಳೂ ಆ ಪಠ್ಯವನ್ನು ಒಮ್ಮೆ ಓದುವುದು ಒಳಿತು. ಕೆಳಹಂತದ ಕಾವಲುಗಾರನ ಹಕ್ಕಿನ ಪಾಲನ್ನು ಉಳಿತಾಯವೆಂದು ಎಣಿಸಿದ ಆಡಳಿತ ಎಷ್ಟು ದುಬಾರಿ ದಂಡ ತೆತ್ತಿತೆಂಬುದಕ್ಕೆ ಬೇರೆ ಉದಾಹರಣೆ ಹುಡುಕಬೇಕಾಗಿಲ್ಲ.